ಉಸಿರಿನ ತನಿಖೆಯೂ ಕಾಯಿದೆಯ ಮೇರೆಯೂ

ಕುಡಿದು ವಾಹನ ನಡೆಯಿಸುವವನು ತನಗೂ ಪರರಿಗೂ ಮೃತ್ಯುಪ್ರಾಯನೆಂಬ ವಿಷಯದಲ್ಲಿ ಪೋಲೀಸಿನವರಿಗೂ ನಮಗೂ ಲೇಶವಾದರೂ ಭಿನ್ನಾಭಿಪ್ರಾಯವಿಲ್ಲ. ಆತನನ್ನು ತಡೆದು, ಪರೀಕ್ಷಿಸಿ, ನ್ಯಾಯಸ್ಥಾನದ ಮುಂದೆ ನಿಲ್ಲಿಸುವುದು ಸರ್ಕಾರದ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಅಹುದು. ಆದರೆ ಆ ಕರ್ತವ್ಯವನ್ನು ನೆರವೇರಿಸತಕ್ಕ ಕ್ರಮ ಯಾವುದು, ಅದರ ಮೇರೆ ಎಲ್ಲಿ, ಮೇರೆ ಮೀರಿದಾಗ ನಷ್ಟಪಡುವವರು ಯಾರು ಎಂದು ಕೇಳುವ ಅಧಿಕಾರ ಪ್ರಜೆಗೆ ಉಂಟು. ಹಾರೋಹಳ್ಳಿಯ ರಸ್ತೆಯನ್ನು ಕಣ್ಣಮುಂದಿಟ್ಟುಕೊಂಡು ಈ ಮೂರು ಪ್ರಶ್ನೆಗಳನ್ನು ಇಂದು ವಿಚಾರಮಾಡಬೇಕೆಂದಿದ್ದೇವೆ.

ಹಾರೋಹಳ್ಳಿ ಈಗ ಹಿಂದಿನ ಹಾರೋಹಳ್ಳಿಯಲ್ಲ. ಕನಕಪುರ ತಾಲ್ಲೂಕಿಗೆ ಸೇರಿದ ಹೋಬಳಿಯಾಗಿದ್ದುದು ತಾನೇ ಒಂದು ತಾಲ್ಲೂಕಾಗಿದೆ. 2007ರಲ್ಲಿ ರಚಿತವಾದ ರಾಮನಗರ ಜಿಲ್ಲೆಯು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ತಳೆದಿದೆ. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಕೈಗಾರಿಕಾ ಪ್ರದೇಶ ಎದ್ದು ನಿಂತಿದೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲಗಳ ಮೇಲೆ ತಮಿಳುನಾಡಿಗೆ ಸಾಗುವ 948ನೆಯ ರಾಷ್ಟ್ರೀಯ ಹೆದ್ದಾರಿಯು ಇಲ್ಲಿಂದಲೇ ಹಾದುಹೋಗುತ್ತದೆ. ಪಾಳಿ ಮುಗಿಸಿ ದ್ವಿಚಕ್ರವಾಹನದಲ್ಲಿ ಹಳ್ಳಿಗೆ ಮರಳುವ ಕಾರ್ಮಿಕನಿಗೂ, ರೇಷ್ಮೆಗೂಡನ್ನು ಮಾರುಕಟ್ಟೆಗೆ ಸಾಗಿಸುವ ರೈತನಿಗೂ, ರಜಾದಿನಗಳಲ್ಲಿ ಸಂಗಮ, ಮೇಕೆದಾಟು, ಚುಂಚಿ ಜಲಪಾತಗಳನ್ನು ನೋಡಿ ಬರುವ ನಗರದ ವಿಹಾರಿಗಳಿಗೂ ಇದೇ ದಾರಿ. ಇಂತಹ ದಾರಿಯಲ್ಲಿ ರಾತ್ರಿಯ ತನಿಖೆ ಅನಾವಶ್ಯಕವೆಂದು ವಿವೇಕಿಗಳಾರೂ ಹೇಳಲಾರರು.

ಒಬ್ಬ ಕಾರ್ಮಿಕನು ಎರಡನೆಯ ಪಾಳಿ ಮುಗಿಸಿ ಮನೆಗೆ ಹೊರಟಿರುವನೆಂದು ಊಹಿಸೋಣ. ಬ್ಯಾರಿಕೇಡಿನ ಬಳಿ ಆತನನ್ನು ನಿಲ್ಲಿಸುತ್ತಾರೆ. ಯಾಕೆಂದು ಹೇಳುವುದಿಲ್ಲ, ಗಾಡಿಯ ಬೀಗದ ಕೈ ಕೈಬದಲಾಗುತ್ತದೆ, "ಊದು" ಎಂಬ ಏಕವಚನದ ಅಪ್ಪಣೆಯಾಗುತ್ತದೆ. ಆತ ಕುಡಿದಿಲ್ಲವಾದರೆ ಕಾಗದಪತ್ರಗಳ ಶೋಧನೆ ಮೊದಲಾಗುತ್ತದೆ. ಕುಡಿದಿದ್ದರೆ, "ಕೋರ್ಟಿಗೆ ಹೋದರೆ ಹತ್ತು ಸಾವಿರ, ಇಲ್ಲಿಯೇ ಮುಗಿಸಿಕೊಳ್ಳುತ್ತೀಯಾ?" ಎಂಬ ಮಾತು ಕಿವಿಗೆ ಬೀಳುತ್ತದೆ. ಇದು ಇಂತಹ ಠಾಣೆಯಲ್ಲಿ ಇಂತಹ ದಿನ ನಡೆಯಿತೆಂದು ನಾವು ಆರೋಪಿಸುತ್ತಿಲ್ಲ. ನಿಷ್ಠೆಯಿಂದ ದುಡಿಯುವ ಪೋಲೀಸಿನವರು ಅನೇಕರಿದ್ದಾರೆ. ಆದರೆ ರಾತ್ರಿ ಸಂಚಾರಮಾಡುವ ನಮ್ಮ ವಾಚಕರಲ್ಲಿ ಈ ಚಿತ್ರವನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕುವವರು ಎಷ್ಟು ಮಂದಿ ಇದ್ದಾರು?

ಈಗ ಕಾಯಿದೆ ಏನು ಹೇಳುತ್ತದೆಂಬುದನ್ನು ನೋಡೋಣ. 1988ರ ಮೋಟಾರು ವಾಹನ ಕಾಯಿದೆಯ 185ನೆಯ ಕಲಮಿನ ಪ್ರಕಾರ, 100 ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಮಿಗೆ ಮೀರಿದ ಮದ್ಯಾಂಶವುಳ್ಳವನು ವಾಹನ ನಡೆಯಿಸಿದರೆ ಅಪರಾಧಿ. 2019ರ ತಿದ್ದುಪಡಿಯಂತೆ ಮೊದಲನೆಯ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 10,000 ರೂಪಾಯಿ ಜುಲ್ಮಾನೆ, ಇಲ್ಲವೆ ಎರಡೂ. ಎರಡನೆಯ ಸಲ ಎರಡು ವರ್ಷದವರೆಗೆ ಸೆರೆವಾಸ, ಇಲ್ಲವೆ 15,000 ರೂಪಾಯಿ, ಇಲ್ಲವೆ ಎರಡೂ. ಶಿಕ್ಷೆ ಕಠಿನವಾಗಿದೆ, ಕಠಿನವಾಗಿರಬೇಕಾದುದೇ ನ್ಯಾಯ.

ಆದರೆ ಅದೇ ಕಾಯಿದೆಯ 203ನೆಯ ಕಲಮು ಉಸಿರಿನ ಪರೀಕ್ಷೆಗೆ ಎರಡು ಕಟ್ಟುಗಳನ್ನು ಹಾಕಿದೆ. ಪರೀಕ್ಷೆಯನ್ನು ಕೇಳುವ ಪೋಲೀಸು ಅಧಿಕಾರಿ ಸಮವಸ್ತ್ರದಲ್ಲಿರತಕ್ಕದ್ದು. ಚಾಲಕನು ಕುಡಿದಿರುವನೆಂದು ಶಂಕಿಸಲು ಆತನಿಗೆ ಯುಕ್ತವಾದ ಕಾರಣವಿರತಕ್ಕದ್ದು. ವಾಹನ ಓಲಾಡುತ್ತಿತ್ತು, ಮಾತು ತೊದಲಿತು, ವಾಸನೆ ಬಂದಿತು—ಇವು ಕಾರಣಗಳು. ರಾತ್ರಿ ಹನ್ನೊಂದು ಹೊಡೆಯಿತು, ಆತನ ಬಟ್ಟೆ ಮಾಸಿತ್ತು—ಇವು ಕಾರಣಗಳಲ್ಲ. ಪರೀಕ್ಷೆಯಲ್ಲಿ ಮದ್ಯಾಂಶ ಕಂಡುಬಂದರೆ ವಾರಂಟಿಲ್ಲದೆ ದಸ್ತಗಿರಿ ಮಾಡಬಹುದು. ಆಗ ಠಾಣೆಯಲ್ಲಿ ಮತ್ತೊಮ್ಮೆ ಉಸಿರಿನ ಪರೀಕ್ಷೆಗೆ ಅವಕಾಶ ಕೊಡಲೇಬೇಕು. 202ನೆಯ ಕಲಮು ಇನ್ನೂ ಸ್ಪಷ್ಟವಾಗಿದೆ: 185ರ ಅಪರಾಧಕ್ಕಾಗಿ ಅದರನ್ವಯ ದಸ್ತಗಿರಿಯಾದವನನ್ನು ಎರಡು ಗಂಟೆಗಳೊಳಗಾಗಿ ನೋಂದಾಯಿತ ವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು, ತಪ್ಪಿದರೆ ಬಂಧನದಿಂದ ಬಿಡತಕ್ಕದ್ದು. ಹೆಂಗಸಿನ ರಕ್ತವನ್ನು ಪುರುಷ ವೈದ್ಯನು ತೆಗೆಯುವುದಾದರೆ ಮತ್ತೊಬ್ಬ ಹೆಂಗಸು ಹಾಜರಿರತಕ್ಕದ್ದು ಎಂಬವರೆಗೆ ಕಾಯಿದೆ ಯೋಚಿಸಿದೆ.

ಪುನಃಪರೀಕ್ಷೆಯ ಅವಕಾಶ ಕೇವಲ ಉಪಚಾರವಲ್ಲ. ಮದ್ಯಸಾರವುಳ್ಳ ಬಾಯಿತೊಳೆಯುವ ಔಷಧವನ್ನು ಆಗತಾನೇ ಮುಕ್ಕಳಿಸಿದವನ ಉಸಿರಿನಲ್ಲಿ ಯಂತ್ರವು ಮದ್ಯವನ್ನು ಕಾಣಬಹುದು. ಹದಿನೈದು ನಿಮಿಷ ಕಾದು ನೋಡಿದರೆ ಆ ಅಂಶ ಇರುವುದಿಲ್ಲ. ಯಂತ್ರ ಸುಳ್ಳು ಹೇಳುವುದಿಲ್ಲವೆಂಬುದು ಭ್ರಾಂತಿ. ಸರಿಯಾಗಿ ಅಳತೆಗೆ ಹೊಂದಿಸದ ತಕ್ಕಡಿಯೂ ಸುಳ್ಳು ಹೇಳುತ್ತದೆಂಬುದನ್ನು ಸಂತೆಗೆ ಹೋದ ಪ್ರತಿಯೊಬ್ಬ ರೈತನೂ ಬಲ್ಲನು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಕಾಯಿದೆಯ 200ನೆಯ ಕಲಮು ರಸ್ತೆಯಲ್ಲಿಯೇ ಹಣ ಕಟ್ಟಿಸಿಕೊಂಡು ಮುಗಿಸಬಹುದಾದ ಅಪರಾಧಗಳ ಪಟ್ಟಿಯನ್ನು ಕೊಟ್ಟಿದೆ. ಆ ಪಟ್ಟಿಯಲ್ಲಿ 185 ಇಲ್ಲ. ಕುಡಿದು ವಾಹನ ನಡೆಯಿಸಿದವನ ಜುಲ್ಮಾನೆಯನ್ನು ಗೊತ್ತುಮಾಡುವವನು ಮ್ಯಾಜಿಸ್ಟ್ರೇಟನೇ ಹೊರತು ರಸ್ತೆಯಲ್ಲಿ ನಿಂತ ಅಧಿಕಾರಿಯಲ್ಲ. ಆದಕಾರಣ ಈ ಅಪರಾಧದ ಹೆಸರಿನಲ್ಲಿ ಬ್ಯಾರಿಕೇಡಿನ ಬಳಿ ಕೈಸೇರುವ ಒಂದೊಂದು ರೂಪಾಯಿಯೂ ಲಂಚವೇ. ಅದು ಜುಲ್ಮಾನೆಯಾಗುವ ಸಂಭವವೇ ಇಲ್ಲ.

ಇದರ ಫಲವೇನೆಂಬುದನ್ನು ವಾಚಕರು ಯೋಚಿಸಬೇಕು. ನಿಜವಾಗಿ ಕುಡಿದವನು ಹಣ ಕೊಟ್ಟು, ಬೀಗದ ಕೈ ಮರಳಿ ಪಡೆದು, ಅದೇ ಅಮಲಿನಲ್ಲಿ ಅದೇ ರಸ್ತೆಗೆ ಇಳಿಯುತ್ತಾನೆ. ಮುಂದಿನ ತಿರುವಿನಲ್ಲಿ ನಡೆದುಹೋಗುತ್ತಿರುವವನ ಪ್ರಾಣಕ್ಕೆ ಹೊಣೆ ಯಾರು? ಕುಡಿಯದವನು ಕೊಡಲು ಕಾರಣವಿಲ್ಲವೆಂದು ವಾದಿಸಿದರೆ ಆತನ ಗಾಡಿಯಲ್ಲಿ ಹತ್ತು ಕುಂದುಗಳು ಹುಟ್ಟುತ್ತವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಪ್ರಜೆಯ ಸ್ವಾತಂತ್ರ್ಯವನ್ನು ತುಸು ಬಿಟ್ಟುಕೊಟ್ಟರೆ ರಸ್ತೆ ಸುರಕ್ಷಿತವಾಗುವುದೆಂದು ವಾದಿಸುವವರು ಇದನ್ನು ಗಮನಿಸಬೇಕು. ಕಾಯಿದೆ ಮೀರಿದ ತನಿಖೆಯಲ್ಲಿ ಸ್ವಾತಂತ್ರ್ಯವೂ ಹೋಗುತ್ತದೆ, ಸುರಕ್ಷತೆಯೂ ಹೋಗುತ್ತದೆ. ಲಾಭ ಹೊಂದುವವರು ಕುಡುಕನೂ ಲಂಚಕೋರನೂ ಇಬ್ಬರೇ.

ವಾಹನದ ವಿಷಯದಲ್ಲಿಯೂ ಇದೇ ಗೊಂದಲ. ತೆಲಂಗಾಣದ ಉಚ್ಚ ನ್ಯಾಯಾಲಯವು 2021ರಲ್ಲಿ, ಚಾಲಕನು ಕುಡಿದಿದ್ದನೆಂಬ ಮಾತ್ರಕ್ಕೆ ವಾಹನವನ್ನು ಜಪ್ತಿ ಮಾಡುವ ಅಧಿಕಾರ ಪೋಲೀಸಿಗಿಲ್ಲವೆಂದು ನಿರ್ಣಯಿಸಿತು. ಕುಡಿಯದ, ಲೈಸೆನ್ಸುಳ್ಳ ಜೊತೆಗಾರನಿದ್ದರೆ ಆತನ ವಶಕ್ಕೆ ಕೊಡಬೇಕು. ಇಲ್ಲವಾದರೆ ಬಂಧುಗಳಿಗೆ ತಿಳಿಸಬೇಕು. ಯಾರೂ ಬಾರದಿದ್ದರೆ ಠಾಣೆಯಲ್ಲಿ ಭದ್ರವಾಗಿಟ್ಟು ಬಳಿಕ ಹಿಂದಿರುಗಿಸಬೇಕು. ಆ ತೀರ್ಪು ನಮ್ಮ ರಾಜ್ಯವನ್ನು ನೇರವಾಗಿ ಕಟ್ಟದಿರಬಹುದು. ಆದರೆ ಅದು ಅರ್ಥಮಾಡಿರುವ ಕೇಂದ್ರ ಕಾಯಿದೆ ಎರಡೂ ರಾಜ್ಯಗಳಿಗೆ ಒಂದೇ. ಕುಡುಕನ ಕೈಗೆ ಮಾತ್ರ ವಾಹನ ಮರಳಕೂಡದೆಂಬುದು ಅದರ ಸಾರ.

ಇಲ್ಲಿ ನಿಷ್ಪಕ್ಷಪಾತವಾಗಿ ಒಂದು ಮಾತು ಹೇಳಬೇಕು. ಉಸಿರು ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದಂತೆ, ಆದ್ದರಿಂದ ಸಂವಿಧಾನದ 20ನೆಯ ವಿಧಿಗೆ ವಿರುದ್ಧವೆಂದು ಕೆಲವರು ವಾದಿಸುತ್ತಾರೆ. ಈ ವಾದ ನಿಲ್ಲುವಂತಹುದಲ್ಲ. ಬೆರಳಚ್ಚು ಮೊದಲಾದ ದೈಹಿಕ ಗುರುತುಗಳು ಸಾಕ್ಷ್ಯನುಡಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1961ರಲ್ಲಿ ಕಾಠಿ ಕಾಲು ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಕರ್ನಾಟಕ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಮೊಕದ್ದಮೆಯಲ್ಲಿ 2010ರಲ್ಲಿ ಬಲವಂತದ ಮಂಪರು ಪರೀಕ್ಷೆಯನ್ನು ನಿಷೇಧಿಸಿದಾಗಲೂ ಈ ಭೇದವನ್ನು ಉಳಿಸಿಕೊಂಡಿತು. ಯುಕ್ತ ಕಾರಣವಿದ್ದು ಕೇಳಿದಾಗ ಊದಲೊಲ್ಲೆನೆನ್ನುವವನಿಗೆ ನಮ್ಮ ಬೆಂಬಲವಿಲ್ಲ. ನಾವು ಕೇಳುವುದು ಕಾರಣವನ್ನು, ಕ್ರಮವನ್ನು, ದಾಖಲೆಯನ್ನು.

ಹಾಗಾದರೆ ಎಲ್ಲರನ್ನೂ ಊದಿಸದೆ ಕುಡುಕನನ್ನು ಹಿಡಿಯುವುದೆಂತು ಎಂದು ಅಧಿಕಾರಿಗಳು ಕೇಳಬಹುದು. ಅನ್ಯದೇಶಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ಸಂಸ್ಥಾನವು 1976ರಲ್ಲಿ ಶಂಕೆಯಿಲ್ಲದೆಯೂ ಉಸಿರು ಪರೀಕ್ಷಿಸುವ ಅಧಿಕಾರವನ್ನು ಶಾಸನದ ಮೂಲಕವೇ ಕೊಟ್ಟಿತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ, ಆರು ನ್ಯಾಯಾಧೀಶರು ಒಂದು ಪಕ್ಷ ಮೂವರು ಒಂದು ಪಕ್ಷವಾಗಿ, ಮಿಷಿಗನ್ ಸಂಸ್ಥಾನದ ತನಿಖಾ ಕಟ್ಟೆಗಳನ್ನು ಎತ್ತಿಹಿಡಿಯಿತು. 1993ರಲ್ಲಿ ಅದೇ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ತನ್ನ ಸಂವಿಧಾನದ ಮೇರೆಗೆ ಅವನ್ನು ತಳ್ಳಿಹಾಕಿತು. ಅಲ್ಲಿ ಪ್ರಶ್ನೆ ಬಹಿರಂಗವಾಗಿ ಎದ್ದು ಬಹಿರಂಗವಾಗಿ ತೀರಿತು. ನಮ್ಮಲ್ಲಿಯೂ ಸರ್ವರ ಪರೀಕ್ಷೆ ಬೇಕೆಂದು ಸರ್ಕಾರಕ್ಕೆ ತೋರಿದರೆ ಪಾರ್ಲಿಮೆಂಟಿನಲ್ಲಿ ತಿದ್ದುಪಡಿ ತರಲಿ, ಚರ್ಚೆಯಾಗಲಿ. ಕಾಯಿದೆ ಕೊಡದ ಅಧಿಕಾರವನ್ನು ಬ್ಯಾರಿಕೇಡಿನಿಂದ ಸೃಷ್ಟಿಸಿಕೊಳ್ಳುವುದು ಸಲ್ಲದು.

ತಡೆಯುವ ರೀತಿಯೂ ಪ್ರಾಣಾಂತಿಕವಾಗಬಹುದೆಂಬುದಕ್ಕೆ ನೆರೆಯ ಮಂಡ್ಯವೇ ಸಾಕ್ಷಿ. 2025ರ ಮೇ ತಿಂಗಳಲ್ಲಿ, ನಾಯಿ ಕಚ್ಚಿದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ದಂಪತಿಗಳ ವಾಹನವನ್ನು ಹೆಲ್ಮೆಟ್ ತನಿಖೆಗಾಗಿ ತಡೆದ ಸಂದರ್ಭದಲ್ಲಿ ಮಗು ಕೆಳಗೆ ಬಿದ್ದು ಲಾರಿಯ ಚಕ್ರಕ್ಕೆ ಸಿಕ್ಕಿ ಮೃತವಾಯಿತು. ಮೂವರು ಸಹಾಯಕ ಸಬ್-ಇನ್‌ಸ್ಪೆಕ್ಟರುಗಳು ಅಮಾನತ್ತಾದರು. ಕಣ್ಣಿಗೆ ಕಾಣುವ ಉಲ್ಲಂಘನೆಯಿಲ್ಲದೆ ಕಾಗದಪತ್ರಗಳ ತನಿಖೆಗೆಂದು ವಾಹನ ನಿಲ್ಲಿಸಕೂಡದು, ಹಠಾತ್ತಾಗಿ ಅಡ್ಡಬರಕೂಡದು, ಬೀಗದ ಕೈ ಕಿತ್ತುಕೊಳ್ಳಕೂಡದು ಎಂದು ಪೋಲೀಸು ಮಹಾನಿರ್ದೇಶಕ ಶ್ರೀ ಎಂ. ಎ. ಸಲೀಂ ಅವರು ಅನಂತರ ಸೂಚನೆಯಿತ್ತರು. 2022ರಲ್ಲಿಯೇ ಅಂದಿನ ಮಹಾನಿರ್ದೇಶಕ ಶ್ರೀ ಪ್ರವೀಣ್ ಸೂದ್ ಅವರು ಕಾಗದಪತ್ರಗಳ ವಿಷಯದಲ್ಲಿ ಇದನ್ನೇ ಹೇಳಿ, ಕುಡಿತದ ತನಿಖೆಯೊಂದನ್ನು ಮಾತ್ರ ಹೊರತುಮಾಡಿದ್ದರು. ಆ ವಿನಾಯಿತಿಯೊಂದೇ ಉಳಿದ ಬಾಗಿಲು. ಕುಡಿತದ ತನಿಖೆಯ ಹೆಸರಿನಲ್ಲಿ ಬೇರೆಲ್ಲ ತನಿಖೆಗಳೂ ಆ ಬಾಗಿಲಿನಿಂದಲೇ ನುಸುಳದಂತೆ ಮೇಲಧಿಕಾರಿಗಳು ಕಾಯಬೇಕು.

ಸರ್ಕಾರದ ಇನ್ನೊಂದು ಕೈಯನ್ನೂ ನೋಡಬೇಕಾಗಿದೆ. ಹೆದ್ದಾರಿಗಳ 500 ಮೀಟರು ಅಂತರದಲ್ಲಿ ಮದ್ಯದಂಗಡಿ ಇರಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರಿನಲ್ಲಿ ಆಜ್ಞಾಪಿಸಿತು. 2017ರಲ್ಲಿ 20,000ಕ್ಕೆ ಮೀರದ ಜನಸಂಖ್ಯೆಯ ಸ್ಥಳಗಳಿಗೆ ಅಂತರ 220 ಮೀಟರಿಗೆ ಇಳಿಯಿತು. ನಗರಸಭೆಗಳ ಮೇರೆಯೊಳಗಿನ ಅಂಗಡಿಗಳಿಗೂ ರಿಯಾಯಿತಿ ದೊರೆಯಿತು. ದಾರಿಯ ಬದಿಯಲ್ಲಿ ಅಬಕಾರಿ ಇಲಾಖೆ ಲೈಸೆನ್ಸು ಕೊಟ್ಟು ಮಾರಿಸುವುದು, ಮುಂದಿನ ತಿರುವಿನಲ್ಲಿ ಪೋಲೀಸು ಇಲಾಖೆ ಕಾದು ಹಿಡಿಯುವುದು—ಈ ದ್ವಂದ್ವನೀತಿ ಹಾಗೆಯೇ ಇರುವವರೆಗೆ ತನಿಖೆಯ ನೈತಿಕ ಬಲ ಅರ್ಧಕ್ಕಿಳಿಯುತ್ತದೆ.

ಆದಕಾರಣ ಜಿಲ್ಲೆಯ ಪೋಲೀಸು ಅಧಿಕಾರಿಗಳ ಮುಂದೆ ನಮ್ಮ ಸೂಚನೆಗಳಿವು: ತನಿಖೆಯ ಸ್ಥಳದಲ್ಲಿ ಬೆಳಕೂ ದೂರದಿಂದ ಕಾಣುವ ಫಲಕವೂ ಇರಲಿ. ಪ್ರತಿಯೊಬ್ಬರ ಎದೆಯ ಮೇಲೆ ಹೆಸರಿನ ಪಟ್ಟಿ ಇರಲಿ, 1996ರ ಡಿ. ಕೆ. ಬಸು ತೀರ್ಪು ದಸ್ತಗಿರಿ ಮಾಡುವ ಅಧಿಕಾರಿಗೆ ಇದನ್ನು ವಿಧಿಸಿಯೇ ಇದೆ. ಪ್ರತಿ ಪರೀಕ್ಷೆಗೂ ಹೊಸ ಊದುಕೊಳವೆಯಿರಲಿ, ಯಂತ್ರದ ಮುದ್ರಿತ ಚೀಟಿಯ ಪ್ರತಿ ಚಾಲಕನಿಗೆ ಸಲ್ಲಲಿ. ಶಂಕೆಯ ಕಾರಣವನ್ನು ಒಂದು ಸಾಲಿನಲ್ಲಾದರೂ ಬರೆದಿಡಲಿ. ಎರಡು ಗಂಟೆಯ ನಿಯಮ ಪಾಲಿಸಲು ರಾತ್ರಿ ಯಾವ ಆಸ್ಪತ್ರೆಯಲ್ಲಿ ವೈದ್ಯರು ದೊರೆಯುವರೆಂಬುದನ್ನು ಮೊದಲೇ ಗೊತ್ತುಮಾಡಿರಲಿ. "185ಕ್ಕೆ ಇಲ್ಲಿ ಹಣ ಕಟ್ಟುವಂತಿಲ್ಲ" ಎಂಬ ದೊಡ್ಡಕ್ಷರದ ಫಲಕವೊಂದು ಬ್ಯಾರಿಕೇಡಿನ ಮೇಲೆಯೇ ತೂಗಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಶಾಸನ ಬೇಕಿಲ್ಲ.

ಪ್ರಜೆಗಳಿಗೂ ಒಂದು ಮಾತು. ಲಂಚ ತೆಗೆದುಕೊಳ್ಳುವವನ ಎದುರಿಗೆ ಕೊಡುವವನೊಬ್ಬನು ಇದ್ದೇ ಇರುತ್ತಾನೆ. 2018ರ ತಿದ್ದುಪಡಿಯ ಬಳಿಕ ಕೊಡುವವನೂ ಅಪರಾಧಿ. ಬಲವಂತಕ್ಕೆ ಸಿಕ್ಕಿ ಕೊಟ್ಟವನು ಏಳು ದಿನಗಳೊಳಗೆ ದೂರಿತ್ತರೆ ಮಾತ್ರ ಆತನಿಗೆ ರಕ್ಷಣೆಯುಂಟು. ಲೋಕಾಯುಕ್ತರ ಬಾಗಿಲು ತೆರೆದಿದೆ. ಕುಡಿದಿದ್ದರೆ ಗಾಡಿ ಮುಟ್ಟಬೇಡಿರಿ. ಮುಟ್ಟಿ ಸಿಕ್ಕಿಬಿದ್ದರೆ ನ್ಯಾಯಸ್ಥಾನಕ್ಕೆ ಹೋಗಿ ದಂಡ ತೆತ್ತು ರಸೀದಿ ಪಡೆಯಿರಿ. ಕುಡಿದಿಲ್ಲವಾದರೆ ಮರ್ಯಾದೆಯಿಂದ ಕಾರಣ ಕೇಳಿರಿ, ಮರ್ಯಾದೆಯಿಂದ ಊದಿರಿ, ಒಂದು ಕಾಸನ್ನೂ ಕೊಡಬೇಡಿರಿ.

ಸರ್ಕಾರದ ಕೆಲಸ ದೇವರ ಕೆಲಸವೆಂದು ವಿಧಾನಸೌಧದ ಹಣೆಯ ಮೇಲೆ ಬರೆಸಿದ ಕೆಂಗಲ್ ಹನುಮಂತಯ್ಯನವರು ಈ ಜಿಲ್ಲೆಯ ಮಣ್ಣಿನವರು. ಸಂವಿಧಾನ ರಚನಾಸಭೆಯ ಸದಸ್ಯರೂ ಆಗಿದ್ದವರು. ಅವರ ಜಿಲ್ಲೆಯ ಹೆದ್ದಾರಿಯಲ್ಲಿ ನಡುರಾತ್ರಿ ನಿಂತ ಪೇದೆಯ ಕೆಲಸವೂ ಸರ್ಕಾರದ ಕೆಲಸವೇ. ಅದನ್ನು ಕಾಯಿದೆಯಂತೆ ಮಾಡಿಸುವ ಹೊಣೆ ಪೇದೆಗಿಂತ ಮಿಗಿಲಾಗಿ ಆತನ ಮೇಲಧಿಕಾರಿಗಳದು. ಅವರು ಈ ವಿಷಯದಲ್ಲಿ ತಡಮಾಡಲಾರರೆಂದು ನಂಬಿದ್ದೇವೆ.