ಮನೆಯಲ್ಲೇ ಸಿನಿಮಾ: ನಿಮಗೆ ಹೇಗನ್ನಿಸ್ತು?

ಮನೆಯಲ್ಲಿ ಕೂತು ಸಿನಿಮಾ ನೋಡೋದು ಅಂದ್ರೆ ಗೃಹಿಣಿಯರ ಪಾಲಿಗೆ ಅದು ಯಾವತ್ತೂ ಮುಕ್ಕಾಲು ಸಿನಿಮಾನೇ. ಹೀರೋ ಬರೋ ಹೊತ್ತಿಗೆ ಕುಕ್ಕರ್ ಕೂಗುತ್ತೆ. ಫ್ಲ್ಯಾಶ್‌ಬ್ಯಾಕ್ ಶುರುವಾಯ್ತು ಅನ್ನೋವಾಗ ಇಸ್ತ್ರಿಯವನು ಬೆಲ್ ಮಾಡ್ತಾನೆ. ಇನ್ನೇನು ಕ್ಲೈಮ್ಯಾಕ್ಸ್ ಅನ್ನೋವಾಗ, ‘ಅಮ್ಮಾ, ತಿನ್ನೋಕೆ ಏನಾದ್ರೂ ಕೊಡು’ ಅಂತ ಸೋಫಾದಿಂದ ಕೂಗು. ಸಿನಿಮಾ ಮುಗಿದ ಮೇಲೆ ಅಪ್ಪ ಮಕ್ಕಳು ಕಾಲು ಚಾಚಿಕೊಂಡು ಸೆಕೆಂಡ್ ಹಾಫ್ ಎಳೆದಿದ್ದಾರೆ, ಫೈಟ್ ಸೂಪರ್ ಅಂತೆಲ್ಲ ವಿಮರ್ಶೆ ಮಾಡ್ತಿದ್ರೆ, ನಾವು ಲೋಟ ಎತ್ತಿಕೊಂಡು ಸಿಂಕ್ ಕಡೆ ಹೊರಟಿರ್ತೀವಿ. ‘ನಿನಗೆ ಹೇಗನ್ನಿಸ್ತು?’ ಅಂತ ಕೇಳೋರು ಎಷ್ಟು ಜನ ಹೇಳಿ?

ಈಗ ಥಿಯೇಟರ್‌ಗೆ ಬಂದ ಚಿತ್ರ ಎಷ್ಟೋ ಸಲ ಒಂದೆರಡು ತಿಂಗಳಲ್ಲಿ ನಮ್ಮ ಹಾಲ್‌ಗೇ ಬಂದುಬಿಡುತ್ತೆ. ಟಿಕೆಟ್, ಆಟೊ, ಇಂಟರ್‌ವಲ್ ಪಾಪ್‌ಕಾರ್ನ್ ಅಂತ ಸಾವಿರಾರು ರೂಪಾಯಿ ಖರ್ಚಿಲ್ಲ, ನಿಜ. ಆದರೆ ಥಿಯೇಟರ್‌ನಲ್ಲಿ ನಮಗೂ ಒಂದು ಸೀಟ್ ನಂಬರ್ ಇರ್ತಿತ್ತು, ಎರಡೂವರೆ ಗಂಟೆ ಯಾರೂ ಎಬ್ಬಿಸ್ತಿರಲಿಲ್ಲ. ಮನೆಯಲ್ಲಿ ಆ ಸೀಟನ್ನು ನಾವೇ ಕೇಳಿ ಪಡೀಬೇಕು. ಅದಕ್ಕೇ ಕೆಲವು ತಿಂಗಳಿಂದ ನಮ್ಮನೇಲಿ ಶನಿವಾರ ರಾತ್ರಿಗೆ ಒಂದು ನಿಯಮ ಮಾಡಿದ್ದೀವಿ. ಅವತ್ತು ಒಂದೇ ಪಾತ್ರೆಯ ಅಡುಗೆ. ಬಿಸಿಬೇಳೆ ಬಾತೋ, ವಾಂಗಿಬಾತೋ ಏಳೂವರೆಗೆ ಮುಗೀಬೇಕು. ಸಿನಿಮಾ ಆರಿಸೋದು ಒಂದೊಂದು ವಾರ ಒಬ್ಬೊಬ್ಬರ ಸರದಿ. ಮುಗಿದ ಮೇಲೆ ಹತ್ತು ನಿಮಿಷ ಯಾರೂ ಏಳೋ ಹಾಗಿಲ್ಲ. ಪ್ರತಿಯೊಬ್ಬರೂ ತಮಗನ್ನಿಸಿದ ಒಂದು ಮಾತು ಹೇಳಲೇಬೇಕು, ಅತ್ತೆಯಿಂದ ಹಿಡಿದು ಐದನೇ ಕ್ಲಾಸಿನ ಮಗಳ ತನಕ. ಹಾಗೆ ನೋಡಿದ ಕೆಲವು ಚಿತ್ರಗಳ ಬಗ್ಗೆ ಇಲ್ಲಿ ಹಂಚಿಕೊಳ್ತಿದ್ದೀನಿ. ಇದು ಪಂಡಿತರ ವಿಮರ್ಶೆ ಅಲ್ಲ, ಸೋಫಾ ವಿಮರ್ಶೆ!

ಮನಸಾರೆ ನಗೋಕೆ

2025ರ ಜುಲೈನಲ್ಲಿ ತೆರೆಕಂಡ ‘ಸು ಫ್ರಮ್ ಸೋ’ ನಿಮ್ಮಲ್ಲಿ ಅನೇಕರು ಈಗಾಗಲೇ ನೋಡಿರ್ತೀರಿ. ಜೆ.ಪಿ. ತುಮಿನಾಡ್ ನಿರ್ದೇಶಿಸಿ, ತಾವೇ ಮುಖ್ಯ ಪಾತ್ರ ಮಾಡಿರೋ ಚಿತ್ರ. ಕರಾವಳಿಯ ಒಂದು ಊರು. ಪೇಚಿಗೆ ಸಿಕ್ಕಿದ ಹುಡುಗ ಪಾರಾಗೋಕೆ ಅಂತ ಮೈಮೇಲೆ ದೆವ್ವ ಬಂದ ಹಾಗೆ ನಟಿಸ್ತಾನೆ. ಆ ದೆವ್ವ ಸೋಮೇಶ್ವರದ ಸುಲೋಚನಾ. ‘ಸು ಫ್ರಮ್ ಸೋ’ ಅಂದ್ರೆ ಅದೇ! ಮಂಗಳೂರು ಕಡೆಯ ಕನ್ನಡ ಮೊದಲ ಹತ್ತು ನಿಮಿಷ ಕಿವಿಗೆ ಹೊಸದು ಅನ್ನಿಸುತ್ತೆ, ಆಮೇಲೆ ಅದೇ ಮಜಾ ಕೊಡುತ್ತೆ. ದೆವ್ವದ ಸಿನಿಮಾ ಅಂತ ನನ್ನ ಮಗಳು ಅಜ್ಜಿ ಸೆರಗು ಹಿಡ್ಕೊಂಡೇ ಕೂತಿದ್ದಳು, ಕಾಲು ಗಂಟೆಯಲ್ಲಿ ಸೆರಗು ಬಿಟ್ಟು ನಗೋಕೆ ಶುರು ಮಾಡಿದಳು.

ನನಗೆ ಹಿಡಿಸಿದ್ದು ನಗು ಮಾತ್ರ ಅಲ್ಲ. ಇಡೀ ಊರು ದೆವ್ವ ದೆವ್ವ ಅಂತ ಗದ್ದಲ ಮಾಡ್ತಿರುವಾಗ, ಚಿತ್ರ ಮೆಲ್ಲಗೆ ಒಬ್ಬಂಟಿ ಹೆಣ್ಣಿನ ಕಷ್ಟದ ಕಡೆ ತಿರುಗುತ್ತೆ. ಸತ್ತವಳಿಗೆ ಹೆದರೋ ಜನ ಬದುಕಿರೋಳ ಪಾಡು ಕೇಳಲ್ವಲ್ಲ ಅನ್ನಿಸ್ತು. ಇದನ್ನೇ ನಾನು ಹತ್ತು ನಿಮಿಷದ ಮಾತಿನಲ್ಲಿ ಹೇಳಿದಾಗ ಒಂಬತ್ತನೇ ಕ್ಲಾಸಿನ ಮಗ, ‘ಹೌದಲ್ವಾ, ನಾನು ಬರೀ ಕಾಮಿಡಿ ಅಂದ್ಕೊಂಡಿದ್ದೆ’ ಅಂದ.

ಹಳೇದು ಬೇಕು ಅನ್ನೋರಿಗೆ ಫಣಿ ರಾಮಚಂದ್ರ ಅವರ ‘ಗಣೇಶನ ಮದುವೆ’ (1990) ಇದ್ದೇ ಇದೆ. ಅತ್ತೆಯವರ ಸರದಿಯಲ್ಲಿ ಬಂದ ಆಯ್ಕೆ ಅದು. ಒಂದೇ ವಠಾರದಲ್ಲಿದ್ದು ಹಾವು ಮುಂಗುಸಿ ಥರ ಕಿತ್ತಾಡೋ ಅನಂತನಾಗ್, ವಿನಯಾಪ್ರಸಾದ್ ಜೋಡಿ. ‘ವಠಾರ ಅಂದ್ರೇನಮ್ಮಾ?’ ಅಂತ ಮಗಳು ಕೇಳಿದ್ದೇ ತಡ, ಅತ್ತೆ ತಮ್ಮ ವಠಾರದ ನಲ್ಲಿ ಜಗಳ, ಒಂದೇ ಬಚ್ಚಲಿಗೆ ಬೆಳಗ್ಗೆ ನಿಲ್ತಿದ್ದ ಕ್ಯೂ, ಹಪ್ಪಳ ಒಣಗಿಸೋ ಜಾಗಕ್ಕೆ ಆಗ್ತಿದ್ದ ಪೈಪೋಟಿ ಎಲ್ಲಾ ಹೇಳಿದರು. ಹತ್ತು ನಿಮಿಷದ ಮಾತು ಅವತ್ತು ಮುಕ್ಕಾಲು ಗಂಟೆ ಆಯ್ತು.

ಅಡುಗೆಮನೆಯೇ ಕಥೆಯಾದಾಗ

ಜಿಯೋ ಬೇಬಿ ನಿರ್ದೇಶನದ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ 2021ರಲ್ಲಿ ಬಂದದ್ದು. ನಿಮಿಷಾ ಸಜಯನ್ ಹೊಸ ಸೊಸೆ, ಸೂರಜ್ ವೆಂಜಾರಮೂಡು ಗಂಡ. ಕಥೆ ಅಂತ ಹೇಳೋಕೆ ಹೋದ್ರೆ ಏನೂ ಇಲ್ಲ. ಹೆಚ್ಚೋದು, ರುಬ್ಬೋದು, ಬಡಿಸೋದು, ಒರೆಸೋದು, ಮತ್ತೆ ಹೆಚ್ಚೋದು. ಮಾವನವರಿಗೆ ಅನ್ನ ಸೌದೆ ಒಲೆಯಲ್ಲೇ ಆಗಬೇಕು, ಚಟ್ನಿ ಕಲ್ಲಲ್ಲೇ ರುಬ್ಬಬೇಕು, ಬಟ್ಟೆ ಮೆಷಿನ್‌ಗೆ ಹಾಕಬಾರದು. ಸಿಂಕ್ ಕೆಳಗಿನ ಪೈಪ್ ಸೋರ್ತಾ ಇರುತ್ತೆ. ಪ್ಲಂಬರ್‌ಗೆ ಹೇಳಿ ಅಂತ ಅವಳು ಹೇಳ್ತಾನೇ ಇರ್ತಾಳೆ, ಗಂಡನಿಗೆ ಮರೀತಾನೇ ಇರುತ್ತೆ.

ಈ ಚಿತ್ರದಲ್ಲಿ ನನಗೆ ಮೆಚ್ಚುಗೆಯಾದದ್ದು ಏನು ಗೊತ್ತಾ? ಮಾವ ಕೆಟ್ಟವರ ಥರ ಕಾಣೋದೇ ಇಲ್ಲ. ಮೆಲ್ಲಗೆ, ನಗುನಗುತ್ತಲೇ ಮಾತಾಡ್ತಾರೆ. ಕುಡಿತ ಇಲ್ಲ, ಬೈಗುಳ ಇಲ್ಲ. ಹಾಗಾಗಿ ಅವಳಿಗೆ ತನ್ನ ಕಷ್ಟ ಏನು ಅಂತ ಬೇರೆಯವರಿಗೆ ಬಿಡಿಸಿ ಹೇಳೋದೂ ಕಷ್ಟ. ‘ಅಂಥದ್ದೇನಾಗಿದೆ ನಿನಗೆ?’ ಅನ್ನೋ ಪ್ರಶ್ನೆಗೆ ಉತ್ತರ ಸಿಗದೆ ಸುಮ್ಮನಾದವರು ನಮ್ಮಲ್ಲೂ ಎಷ್ಟೋ ಜನ ಇದ್ದೀವಿ ಅಲ್ವಾ?

ಮುಟ್ಟಿನ ದಿನಗಳಲ್ಲಿ ಅವಳನ್ನು ಹೊರಗೆ ಕೂರಿಸೋ ಭಾಗ ಬಂದಾಗ ನಮ್ಮನೇಲಿ ಎಲ್ಲರೂ ಮೌನ. ಅತ್ತೆ ಬೇಜಾರು ಮಾಡ್ಕೋತಾರೇನೋ ಅಂತ ನನಗೆ ಒಳಗೊಳಗೇ ಅಳುಕು. ತಮ್ಮ ಸರದಿ ಬಂದಾಗ ಅವರು ಹೇಳಿದ್ದಿಷ್ಟೆ: ‘ನಮ್ಮ ಕಾಲದಲ್ಲಿ ಆ ಮೂರು ದಿನ ಅವಮಾನ ಅಂತ ನನಗೆ ಅನ್ನಿಸ್ಲೇ ಇಲ್ಲ ಕಣೇ. ಬೆನ್ನು ನೆಲಕ್ಕೆ ಹಾಕೋಕೆ ಸಿಗ್ತಿದ್ದ ದಿನ ಅದು ಮಾತ್ರ. ರಜಾ ಬೇಕು ಅಂದ್ರೆ ಮೈಲಿಗೆ ಆಗಬೇಕಿತ್ತು.’ ಹದಿನಾರು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತು ನಾನು ಅವರ ಬಾಯಲ್ಲಿ ಕೇಳಿದ್ದು ಅವತ್ತೇ. ನಮ್ಮ ಯಜಮಾನರು ತಲೆ ತಗ್ಗಿಸಿ ಕೂತಿದ್ದರು, ಆಮೇಲೆ, ‘ಅಮ್ಮ ಇದನ್ನು ಯಾವತ್ತೂ ಹೇಳಿರಲಿಲ್ಲ’ ಅಂದರು. ‘ನೀನು ಯಾವತ್ತು ಕೇಳಿದ್ದೆ?’ ಅಂದರು ಅತ್ತೆ.

ಇದೇ ಚಿತ್ರ ಹಿಂದಿಯಲ್ಲಿ ‘ಮಿಸೆಸ್’ ಆಗಿ 2025ರಲ್ಲಿ ಓಟಿಟಿಗೆ ಬಂತು. ಆರತಿ ಕಡವ್ ನಿರ್ದೇಶನ, ಸಾನ್ಯಾ ಮಲ್ಹೋತ್ರಾ ನಟನೆ. ಸಾನ್ಯಾ ಚೆನ್ನಾಗಿ ಮಾಡಿದ್ದಾರೆ. ಆದರೂ ನನ್ನ ಓಟು ಮಲಯಾಳಂಗೇ. ಹಿನ್ನೆಲೆ ಸಂಗೀತದ ಅಬ್ಬರವಿಲ್ಲದೆ ಬರೀ ಪಾತ್ರೆ, ಒಗ್ಗರಣೆ, ಪೊರಕೆ ಸದ್ದಿನಲ್ಲೇ ಎದೆ ಭಾರ ಮಾಡೋ ಶಕ್ತಿ ಅದಕ್ಕಿದೆ.

ಅಡುಗೆಮನೆಯ ಇನ್ನೊಂದು ಚಿತ್ರ ರಿತೇಶ್ ಬಾತ್ರಾ ಅವರ ‘ದಿ ಲಂಚ್‌ಬಾಕ್ಸ್’ (2013). ಮುಂಬೈನ ಇಳಾ (ನಿಮ್ರತ್ ಕೌರ್) ಗಂಡನಿಗೆ ಕಳಿಸೋ ಊಟದ ಡಬ್ಬಿ ನಿವೃತ್ತಿಯ ಹೊಸ್ತಿಲಲ್ಲಿರೋ ಇನ್ಯಾರಿಗೋ (ಇರ್ಫಾನ್ ಖಾನ್) ಹೋಗುತ್ತೆ. ಡಬ್ಬಿ ತೊಳೆದಿಟ್ಟಷ್ಟು ಖಾಲಿಯಾಗಿ ವಾಪಸ್ ಬಂದಾಗ ಇಳಾ ಮುಖ ನೋಡಬೇಕು! ‘ಚೆನ್ನಾಗಿತ್ತು’ ಅನ್ನೋ ಒಂದು ಮಾತಿಗೆ ಕಾಯೋರಿಗೆ ಆ ಖಾಲಿ ಡಬ್ಬಿ ಪ್ರಶಸ್ತಿ ಇದ್ದ ಹಾಗೆ. ಮೇಲಿನ ಮನೆಯ ದೇಶಪಾಂಡೆ ಆಂಟಿಯ ಮುಖ ಇಡೀ ಚಿತ್ರದಲ್ಲಿ ಕಾಣಿಸಲ್ಲ. ಬರೀ ದನಿ (ಭಾರತಿ ಆಚ್ರೇಕರ್), ಜೊತೆಗೆ ಕಿಟಕಿಯಿಂದ ಇಳಿಯೋ ಬುಟ್ಟಿ. ಪ್ರತಿ ಬಿಲ್ಡಿಂಗ್‌ನಲ್ಲೂ ಅಂಥ ಒಬ್ಬ ಆಂಟಿ ಇರಬೇಕು ಕಣ್ರೀ!

ಶಿವಮ್ಮ ನಮ್ಮ ಅಪಾರ್ಟ್‌ಮೆಂಟ್‌ನಲ್ಲೂ ಇದ್ದಾಳೆ

ಜೈಶಂಕರ್ ಆರ್ಯರ್ ನಿರ್ದೇಶನದ ‘ಶಿವಮ್ಮ’ 2022ರ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದು, 2024ರಲ್ಲಿ ನಮ್ಮಲ್ಲಿ ತೆರೆಗೆ ಬಂದ ಚಿತ್ರ. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಊರಿನ ಕಥೆ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡೋ ಶಿವಮ್ಮ (ಶರಣಮ್ಮ ಚೆಟ್ಟಿ), ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು. ದುಡ್ಡು ಮಾಡಬೇಕು ಅಂತ ಶಿವಮ್ಮ ಶಕ್ತಿ ಪೇಯ ಮಾರೋ ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ ಇಳೀತಾಳೆ. ಸಿಕ್ಕಸಿಕ್ಕವರಿಗೆಲ್ಲಾ ಡಬ್ಬಿ ಮಾರೋಕೆ ಹೋಗಿ ಊರಿನವರೇ ಅವಳನ್ನು ಕಂಡ್ರೆ ದಾರಿ ಬದಲಿಸೋ ಹಾಗಾಗುತ್ತೆ.

ಇದು ಹಳ್ಳಿ ಕಥೆ ಅಂದ್ಕೋಬೇಡಿ. ‘ನಿಮ್ಮ ಕೆಳಗೆ ಇಬ್ಬರನ್ನು ಸೇರಿಸಿ ಸಾಕು, ಮನೇಲಿ ಕೂತೇ ತಿಂಗಳಿಗೆ ಇಷ್ಟು’ ಅನ್ನೋ ಮಾತು ನೀವೂ ಕಿಟ್ಟಿ ಪಾರ್ಟಿಯಲ್ಲಿ, ಸ್ಕೂಲ್ ಗೇಟಿನಲ್ಲಿ ಕೇಳಿರ್ತೀರಿ. ನನಗೆ ಗೊತ್ತಿರೋ ಒಬ್ಬರು ಚಿನ್ನದ ಬಳೆ ಅಡ ಇಟ್ಟು ಡಬ್ಬಿಗಳ ರಾಶಿ ತರಿಸ್ಕೊಂಡರು. ಡಬ್ಬಿಗಳು ಅಟ್ಟದಲ್ಲೇ ಉಳಿದವು, ಗೆಳತಿಯರು ದೂರವಾದರು. ಶಿವಮ್ಮನನ್ನು ನೋಡಿ ನನಗೆ ಸಿಟ್ಟೂ ಬಂತು, ಕರುಳೂ ಚುರುಕ್ ಅಂತು. ಅವಳು ದುರಾಸೆಯವಳಲ್ಲ. ಸ್ವಂತ ದುಡಿಮೆ ಬೇಕು ಅನ್ನೋ ಅವಳ ಆಸೆ ಸರಿಯಾದದ್ದೇ. ಆ ಆಸೆಯನ್ನೇ ಬಂಡವಾಳ ಮಾಡ್ಕೊಳ್ಳೋರು ಇದ್ದಾರಲ್ಲ, ಅವರ ಬಗ್ಗೆ ಹುಷಾರಾಗಿರಬೇಕು. ಸಾಮಾನು ಮಾರಿದ್ದಕ್ಕಿಂತ ಜನರನ್ನು ಸೇರಿಸಿದ್ದಕ್ಕೆ ದುಡ್ಡು ಹೆಚ್ಚು ಸಿಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ಎರಡು ಮಾತಿಲ್ಲದೆ ಎದ್ದು ಬನ್ನಿ. ಕಾಫಿಯೂ ಕುಡೀಬೇಡಿ!

ಹಿರಿಯರು, ಮಕ್ಕಳ ಜೊತೆ

ಹೇಮಂತ್ ಎಂ. ರಾವ್ ಅವರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಹೆಸರೇ ಕಾಣೆಯಾದವರ ಪ್ರಕಟಣೆಯ ಭಾಷೆ. ಆಲ್‌ಝೈಮರ್ಸ್ ಮರೆವಿನ ಕಾಯಿಲೆ ಇರೋ ವೆಂಕೋಬರಾವ್ (ಅನಂತನಾಗ್) ಕಳೆದುಹೋಗ್ತಾರೆ, ಹುಡುಕೋಕೆ ಹೊರಟ ಮಗ (ರಕ್ಷಿತ್ ಶೆಟ್ಟಿ) ತನ್ನ ಅಪ್ಪ ಎಂಥವರು ಅಂತ ಬೇರೆಯವರ ಬಾಯಿಂದ ತಿಳ್ಕೊಳ್ತಾ ಹೋಗ್ತಾನೆ. ನಡುವೆ ಬರೋ ರೌಡಿಗಳ ಕಥೆ ನನಗೆ ಅಷ್ಟಾಗಿ ಬೇಕಿರಲಿಲ್ಲ. ಅನಂತನಾಗ್ ಅವರ ಕಣ್ಣಿನ ಆ ಖಾಲಿ ನೋಟಕ್ಕಾಗಿ ಎಲ್ಲಾ ಮಾಫಿ! ನಿಮ್ಮ ಮನೆಯಲ್ಲೂ ಮರೆವಿನ ಹಿರಿಯರಿದ್ದರೆ ಅವರ ಜೇಬಿನಲ್ಲಿ, ಪರ್ಸ್‌ನಲ್ಲಿ ಹೆಸರು, ಮನೆಯವರ ಫೋನ್ ನಂಬರ್ ಬರೆದ ಚೀಟಿ ಇಡಿ. ಇತ್ತೀಚಿನ ಒಂದು ಫೋಟೋ ನಿಮ್ಮ ಮೊಬೈಲ್‌ನಲ್ಲಿ ಇರಲಿ. ಪದೇ ಪದೇ ಮರೀತಿದ್ದರೆ ‘ವಯಸ್ಸಾಯ್ತು ಬಿಡಿ’ ಅಂತ ಸುಮ್ಮನಾಗದೆ ಡಾಕ್ಟರ್‌ಗೆ ತೋರಿಸಿ.

ಮಕ್ಕಳಿಗಾಗಿ ರಿಷಬ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018). ಅತ್ಯುತ್ತಮ ಮಕ್ಕಳ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಪಡೆದದ್ದು. ಕೇರಳದಲ್ಲಿರೋ ಕನ್ನಡ ಶಾಲೆ ಉಳಿಸ್ಕೊಳ್ಳೋ ಮಕ್ಕಳ ಕಥೆ. ಇಂಗ್ಲಿಷ್ ಮೀಡಿಯಂನಲ್ಲಿ ಓದೋ ನಮ್ಮ ಮಕ್ಕಳಿಗೆ, ಕನ್ನಡದಲ್ಲಿ ಓದೋಕೂ ಹೋರಾಡಬೇಕಾದ ಮಕ್ಕಳಿದ್ದಾರೆ ಅನ್ನೋದೇ ಹೊಸ ವಿಷಯ. ಇನ್ನು ನಾಯಿ ಸಾಕಬೇಕು ಅಂತ ಹಟ ಮಾಡೋ ಮಕ್ಕಳಿದ್ದರೆ ಕಿರಣ್‌ರಾಜ್ ಕೆ. ಅವರ ‘777 ಚಾರ್ಲಿ’ (2022) ತೋರಿಸಿ. ಮೊದಲೇ ಹೇಳಿಬಿಡ್ತೀನಿ, ಒಂದು ಕರ್ಚೀಫ್ ಸಾಲದು.

ಹೀಗೆ ಮಾಡಿ ನೋಡಿ

* ಸಿನಿಮಾ ಹಾಕೋ ಮೊದಲು ವಯಸ್ಸಿನ ಗುರುತು ನೋಡಿ. 2021ರ ನಿಯಮದಂತೆ ಓಟಿಟಿಯಲ್ಲಿ ಯು, ಯು/ಎ 7+, 13+, 16+ ಹಾಗೂ ಎ ಅಂತ ಐದು ವಿಭಾಗ ಇವೆ. 13+ ಮತ್ತು ಅದಕ್ಕೂ ಮೇಲಿನದ್ದಕ್ಕೆ ಪೇರೆಂಟಲ್ ಲಾಕ್ ಸೌಲಭ್ಯ ಇರುತ್ತೆ. ಪಿನ್ ನಂಬರ್ ಮಕ್ಕಳ ಹುಟ್ಟಿದ ದಿನ ಆಗದಿರಲಿ!

* ಬೇರೆ ಭಾಷೆ ಅಂತ ಬಿಡಬೇಡಿ. ಸಬ್‌ಟೈಟಲ್ ಅಕ್ಷರ ದೊಡ್ಡದು ಮಾಡ್ಕೊಂಡು ನೋಡಿ. ಇಂಗ್ಲಿಷ್ ಬಾರದ ಹಿರಿಯರಿದ್ದರೆ ಮಕ್ಕಳು ಕನ್ನಡದಲ್ಲಿ ಹೇಳ್ತಾ ಹೋಗಲಿ, ಅವರ ಕನ್ನಡವೂ ಸುಧಾರಿಸುತ್ತೆ.

* ತಿಂಡಿ ತೀರ್ಥ ಎಲ್ಲಾ ಮೊದಲೇ ಟೀಪಾಯ್ ಮೇಲೆ ಇಟ್ಟುಬಿಡಿ. ಮಧ್ಯದಲ್ಲಿ ಬೇಕು ಅಂದೋರು ತಾವೇ ಎದ್ದು ತಗೊಳ್ಳಲಿ. ನೀವು ಏಳಲೇಬೇಕಾದ್ರೆ ಪಾಸ್ ಮಾಡೋಕೆ ಹೇಳಿ. ‘ನೋಡ್ತಿರಿ, ಬಂದೆ’ ಅನ್ನೋ ಅಭ್ಯಾಸ ಬಿಡಿ.

* ತಿಂಗಳಿಗೆ ಒಂದು ಮಧ್ಯಾಹ್ನ ನಿಮಗೊಬ್ಬರಿಗೇ ಒಂದು ಸಿನಿಮಾ. ಬಟ್ಟೆ ಮಡಚ್ತಾ, ಸೊಪ್ಪು ಬಿಡಿಸ್ತಾ ಅಲ್ಲ, ಕೈ ಖಾಲಿ ಇಟ್ಕೊಂಡು.

* ಹಿಡಿಸದಿದ್ದರೆ ಅರ್ಧಕ್ಕೆ ನಿಲ್ಲಿಸಿ. ಎಲ್ಲರೂ ಹೊಗಳ್ತಿದ್ದಾರೆ ಅಂತ ಪೂರ್ತಿ ನೋಡಲೇಬೇಕು ಅಂತೇನಿಲ್ಲ.

* ನೋಡಿದ್ದರ ಹೆಸರು, ಅನ್ನಿಸಿದ ಎರಡು ಸಾಲು ಹಳೇ ಡೈರಿಯಲ್ಲಿ ಬರೆದಿಡಿ. ಹಾಲಿನ ಲೆಕ್ಕದ ಪಕ್ಕದಲ್ಲೇ ಆದ್ರೂ ಸರಿ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ನಿಮ್ಮ ಅಭಿಪ್ರಾಯ ಯಾರೂ ಕೇಳದಿದ್ದರೆ ನೀವೇ ಹೇಳಿ. ‘ನನಗೇನು ಗೊತ್ತಾಗುತ್ತೆ’ ಅಂತ ಶುರು ಮಾಡಬೇಡಿ. ಬಾಳುವೆ, ಮಕ್ಕಳು, ಮುಪ್ಪು, ಖರ್ಚು, ನೆರೆಹೊರೆ, ಸಿನಿಮಾದವರು ಕಥೆ ಹುಡುಕೋದು ಇಲ್ಲೇ ತಾನೇ? ಇದನ್ನೆಲ್ಲ ದಿನಾ ನಡೆಸ್ಕೊಂಡು ಹೋಗೋ ನಮಗಿಂತ ಚೆನ್ನಾಗಿ ಇದು ಇನ್ಯಾರಿಗೆ ಗೊತ್ತು? ಈ ಶನಿವಾರ ಯಾವ ಸಿನಿಮಾ ಅಂತ ಇವತ್ತೇ ತೀರ್ಮಾನ ಮಾಡಿ. ಮೊದಲ ಸರದಿ ನಿಮ್ಮದೇ ಇರಲಿ.