ಸೊನ್ನೆ ಸಿಕ್ಕರೂ ಕೂಲಿ ದಂಡವಲ್ಲ

ಎರಡು ತಿಂಗಳು ಕಾದರು. ಸಿಕ್ಕಿದ್ದು ಸೊನ್ನೆ.

ಇದು ನಮ್ಮ ಕೆಜಿಎಫ್ ಕಥೆ. ಸಿನಿಮಾದ ಕೆಜಿಎಫ್ ಅಲ್ಲ ಸ್ವಾಮಿ. ಬಂಗಾರಪೇಟೆ ಜಂಕ್ಷನ್ ದಾಟಿ ಊರಿಗಾಂ, ಚಾಂಪಿಯನ್, ಮಾರಿಕುಪ್ಪಂ ಅಂತ ಹೋಗ್ತೀವಲ್ಲ, ಆ ನಿಜವಾದ ಕೆಜಿಎಫ್. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಅಂತ ಗಣಿಗಳಿದ್ದ ಊರು.

1960ರ ದಶಕದ ಆರಂಭ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಚಾಂಪಿಯನ್ ರೀಫ್ ಗಣಿಯೊಳಗೆ ಉಪಕರಣ ಇಳಿಸಿದ್ದರು. ಆಕಾಶದಿಂದ ಹಗಲು ರಾತ್ರಿ ಕಾಸ್ಮಿಕ್ ಕಿರಣಗಳು ಭೂಮಿಯ ವಾತಾವರಣಕ್ಕೆ ಬಡೀತಾನೇ ಇರ್ತವೆ. ಆ ಹೊಡೆತಕ್ಕೆ ಮ್ಯುವಾನ್ ಅನ್ನೋ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಈಗ ನೀವು ಅಂಗೈ ಚಾಚಿದರೆ ಸೆಕೆಂಡಿಗೆ ಸುಮಾರು ಒಂದು ಮ್ಯುವಾನ್ ಅದರೊಳಗೆ ತೂರಿ ಹೋಗುತ್ತೆ, ನಿಮಗೆ ಗೊತ್ತೇ ಆಗಲ್ಲ. ನೆಲದೊಳಗೆ ಇಳಿದಷ್ಟೂ ಬಂಡೆ ಅವನ್ನು ತಡೆಯುತ್ತೆ. ಎಷ್ಟು ಆಳದಲ್ಲಿ ಎಷ್ಟು ಉಳಿಯುತ್ತೆ ಅನ್ನೋ ಲೆಕ್ಕ ಬೇಕಿತ್ತು. ಈ ಕೆಲಸ 1950ರ ದಶಕದ ಆರಂಭದಲ್ಲೇ ಶುರುವಾಗಿತ್ತು. ಗಣಿಗೆ ಇಳಿದು ಅಳೆದವರು ನಮ್ಮ ನಂಜನಗೂಡಿನ ಕಡೆಯ ಬಿ.ವಿ. ಶ್ರೀಕಂಠನ್. ಮುಂದೆ ಇದೇ ಸಂಸ್ಥೆಗೆ ನಿರ್ದೇಶಕರಾದವರು.

ಆಳ ಹೆಚ್ಚಿದ ಹಾಗೆ ಎಣಿಕೆ ಇಳಿಯುತ್ತಾ ಹೋಯಿತು. ಕೊನೆಗೆ ಎರಡೂವರೆ ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ಎರಡು ತಿಂಗಳು ಯಂತ್ರ ಇಟ್ಟರು. ಒಂದೇ ಒಂದು ಮ್ಯುವಾನ್ ಬರಲಿಲ್ಲ. ಬೇರೆಯವರಾಗಿದ್ದರೆ ಗಂಟು ಮೂಟೆ ಕಟ್ಟುತ್ತಿದ್ದರೇನೋ. ಇವರು ತಲೆ ಓಡಿಸಿದರು. ಇಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿದೆ ಅಂದ್ರೆ, ಬೇರೆಲ್ಲೂ ಗದ್ದಲದಲ್ಲಿ ಕೇಳಿಸದ ದನಿ ಇಲ್ಲಿ ಕೇಳಬಹುದು ಅಲ್ವಾ? ಇಡೀ ಭೂಮಿಯನ್ನೇ ತೂರಿ ಹೋಗುವ ನ್ಯೂಟ್ರಿನೊ ಅನ್ನೋ ಕಣವನ್ನು ಇಲ್ಲಿ ಹಿಡಿಯಬಹುದು ಅಲ್ವಾ?

ಹಿಡಿದೇಬಿಟ್ಟರು. ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯದವರು ಜೊತೆಗೂಡಿದರು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಪ್ರಯೋಗ ನಡೆಯಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಸಿಕ್ಕಿದ ಸುದ್ದಿ 1965ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ ಇದೇ ಹುಡುಕಾಟ ನಡೆಸಿದ್ದ ತಂಡದ ವರದಿಯೂ ಅದೇ ತಿಂಗಳು ಬಂತು, ಆದರೆ ನಮ್ಮದರ ನಂತರ. ಇದೆಲ್ಲಕ್ಕೂ ದಾರಿ ತೋರಿಸಿದ್ದು ಯಾವುದು? ಆ ಎರಡು ತಿಂಗಳ ಸೊನ್ನೆ!

ಈ ಹಳೇ ಕಥೆ ಈಗ್ಯಾಕೆ ಅಂತೀರಾ? ಬ್ರಹ್ಮಾಂಡದ ಹುಡುಕಾಟದಲ್ಲಿ ಇವತ್ತು ನಮ್ಮ ನಿಮ್ಮಂಥವರೂ ಕೂಲಿ ಮಾಡಬಹುದು. ಗಣಿಗೆ ಇಳಿಯೋದು ಬೇಡ. ಮನೆಯ ಮೇಜಿನ ಮೇಲಿರುವ ಕಂಪ್ಯೂಟರ್ ಸಾಕು. ಆದರೆ ಈ ಕೆಲಸಕ್ಕೆ ಸೇರುವವರು ಮೊದಲು ಸೊನ್ನೆಯ ಬೆಲೆ ತಿಳಿದಿರಬೇಕು. ಅದಕ್ಕೇ ಕೆಜಿಎಫ್‌ನಿಂದ ಶುರು ಮಾಡಿದೆ.

ವಿಷಯ ಇಷ್ಟೇ. ದೊಡ್ಡ ದೂರದರ್ಶಕಗಳು ಕಲೆಹಾಕುವ ಮಾಹಿತಿ ಬೆಟ್ಟದಷ್ಟು. ಅದನ್ನು ಜರಡಿ ಹಿಡಿಯೋಕೆ ಒಂದು ಸಂಸ್ಥೆಯ ಕಂಪ್ಯೂಟರ್‌ಗಳು ಸಾಲಲ್ಲ. ಇನ್ನೊಂದು ಕಡೆ ನಿಮ್ಮ ಮನೆಯ ಕಂಪ್ಯೂಟರ್ ನೋಡಿ. ನೀವು ಪತ್ರ ಟೈಪ್ ಮಾಡುವಾಗ, ಸುದ್ದಿ ಓದುವಾಗ ಅದರ ಶಕ್ತಿಯ ಬಹುಪಾಲು ಸುಮ್ಮನೆ ಕೂತಿರುತ್ತೆ. ಆ ಬಿಡುವನ್ನು ದಾನವಾಗಿ ಪಡೆದರೆ ಹೇಗೆ ಅಂತ ಯೋಚಿಸಿದವರು ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. 1999ರ ಮೇ ತಿಂಗಳಲ್ಲಿ ಸೆಟಿ ಅಟ್ ಹೋಮ್ ಯೋಜನೆ ಶುರುವಾಯಿತು. ಭೂಮಿಯ ಆಚೆ ಬುದ್ಧಿವಂತ ಜೀವಿಗಳು ರೇಡಿಯೊ ಸಂಕೇತ ಕಳಿಸ್ತಿದ್ದಾರಾ ಅಂತ ಹುಡುಕೋದು ಅದರ ಗುರಿ. ಜಗತ್ತಿನ 50 ಲಕ್ಷಕ್ಕೂ ಹೆಚ್ಚು ಜನ ಕೈ ಜೋಡಿಸಿದರು.

ಕೆಲಸ ಹೇಗೆ ನಡೆಯುತ್ತೆ? ಪೋರ್ಟೊರಿಕೊ ದ್ವೀಪದ ಅರೆಸಿಬೊದಲ್ಲಿ 305 ಮೀಟರ್ ಅಗಲದ ರೇಡಿಯೊ ದೂರದರ್ಶಕ ಇತ್ತು. ಅದು ದಾಖಲಿಸಿದ್ದನ್ನು ಚೂರು ಚೂರು ಮಾಡಿದರು. ಒಂದು ಚೂರು ಅಂದ್ರೆ ಆಕಾಶದ ಸುಮಾರು 107 ಸೆಕೆಂಡಿನ ಸದ್ದು, ಅದೂ ಒಂದು ಸಣ್ಣ ತರಂಗಪಟ್ಟಿಯಲ್ಲಿ. ಅರ್ಧ ಎಂಬಿಯೂ ಇಲ್ಲದ ಪೊಟ್ಟಣ. ಇಂಟರ್ನೆಟ್ ಮೂಲಕ ಪೊಟ್ಟಣ ನಿಮ್ಮ ಮನೆಗೆ ಬರುತ್ತೆ, ನಿಮ್ಮ ಕಂಪ್ಯೂಟರ್ ಗಂಟೆಗಟ್ಟಲೆ ಲೆಕ್ಕ ಮಾಡುತ್ತೆ, ಉತ್ತರ ವಾಪಸ್ ಕಳಿಸುತ್ತೆ, ಮುಂದಿನ ಪೊಟ್ಟಣ ತರಿಸಿಕೊಳ್ಳುತ್ತೆ.

ಯಾರೋ ತಪ್ಪು ಉತ್ತರ ಕಳಿಸಿದರೆ? ಅದಕ್ಕೂ ವ್ಯವಸ್ಥೆ ಇದೆ. ಒಂದೇ ಪೊಟ್ಟಣವನ್ನು ಬೇರೆ ಬೇರೆ ಊರಿನ ಇಬ್ಬರಿಗೆ ಕೊಡ್ತಾರೆ. ಎರಡು ಉತ್ತರ ತಾಳೆಯಾದರೆ ಸರಿ. ಆಗದಿದ್ದರೆ ಮೂರನೆಯವರಿಗೆ ಹೋಗುತ್ತೆ. ಅಕ್ಕಸಾಲಿ ತೂಗಿದ್ದನ್ನು ಇನ್ನೊಂದು ಅಂಗಡಿಯಲ್ಲಿ ತೂಗಿಸಿ ನೋಡ್ತೀವಲ್ಲ, ಹಾಗೆ.

ನನಗೆ ತುಂಬಾ ಜನ ಕೇಳುವ ಪ್ರಶ್ನೆ ಒಂದಿದೆ. ವಿಜ್ಞಾನಿಗಳ ಹತ್ರ ಸೂಪರ್ ಕಂಪ್ಯೂಟರ್ ಇಲ್ವಾ? ಇದೆ. ಆದರೆ ಅಲ್ಲಿ ಸರದಿ ನಿಲ್ಲಬೇಕು. ಹವಾಮಾನದವರು, ಔಷಧಿ ಸಂಶೋಧಕರು, ವಿಮಾನ ವಿನ್ಯಾಸದವರು ಎಲ್ಲರೂ ಸಾಲಿನಲ್ಲಿರ್ತಾರೆ. ಎಂಜಿನಿಯರಿಂಗ್ ಓದಿದವನಾಗಿ ಇನ್ನೊಂದು ಕಾರಣ ಹೇಳ್ತೀನಿ. ಹವಾಮಾನದ ಲೆಕ್ಕದಲ್ಲಿ ಕೋಲಾರದ ಗಾಳಿ ಗೊತ್ತಾಗಬೇಕಾದರೆ ಪಕ್ಕದ ಚಿತ್ತೂರಿನ ಗಾಳಿ ಗೊತ್ತಿರಬೇಕು. ಕಂಪ್ಯೂಟರ್‌ಗಳು ಕ್ಷಣಕ್ಷಣಕ್ಕೂ ಒಂದಕ್ಕೊಂದು ಮಾತಾಡಬೇಕು. ಮನೆಮನೆಗೆ ಹಂಚಿದರೆ ಆ ಕೆಲಸ ಆಗಲ್ಲ. ಆಕಾಶದ ಪೊಟ್ಟಣ ಹಾಗಲ್ಲ. ನಿಮ್ಮ ಚೂರಿಗೂ ಪಕ್ಕದವರ ಚೂರಿಗೂ ಸಂಬಂಧವೇ ಇಲ್ಲ. ಭತ್ತ ಕೇರಿದ ಹಾಗೆ, ನೂರು ಮೊರ ನೂರು ಜನಕ್ಕೆ ಕೊಡಿ, ಯಾರು ಯಾರನ್ನೂ ಕಾಯಬೇಕಿಲ್ಲ.

ಸೆಟಿ ನಂತರ ಬರ್ಕ್ಲಿಯ ಡೇವಿಡ್ ಆಂಡರ್ಸನ್ ಅವರ ತಂಡ ಬೋಯಿಂಕ್ ಅನ್ನೋ ಉಚಿತ ತಂತ್ರಾಂಶ ಸಿದ್ಧ ಮಾಡಿತು. ಯಾವ ಸಂಶೋಧನೆಗಾದರೂ ಅದೇ ಬಾಗಿಲು. ಅದರ ಮೇಲೆ 2005ರಲ್ಲಿ ಬಂದದ್ದೇ ಐನ್‌ಸ್ಟೈನ್ ಅಟ್ ಹೋಮ್. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಮತ್ತು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನಡೆಸುವ ಯೋಜನೆ. ಇದರಲ್ಲಿ ಹುಡುಕುವ ವಸ್ತುಗಳಲ್ಲಿ ಪಲ್ಸಾರ್ ಮುಖ್ಯವಾದದ್ದು. ಸತ್ತ ದೊಡ್ಡ ನಕ್ಷತ್ರದ ತಿರುಳು ಅದು. ಸೂರ್ಯನಿಗಿಂತ ಹೆಚ್ಚು ತೂಕ, ಆದರೆ ಗಾತ್ರ ಒಂದು ನಗರದಷ್ಟು, ಸುಮಾರು 20 ಕಿಲೋಮೀಟರ್ ಅಡ್ಡಗಲ. ಗಿರಗಿರ ತಿರುಗುತ್ತಾ ದೀಪಸ್ತಂಭದ ಹಾಗೆ ರೇಡಿಯೊ ಅಲೆ ಬೀಸುತ್ತೆ. ನಮ್ಮ ಕಡೆ ತಿರುಗಿದಾಗಲೆಲ್ಲ ಒಂದು ಮಿಡಿತ.

ಮಿಡಿತ ಹುಡುಕೋದು ಅಷ್ಟು ಕಷ್ಟಾನಾ? ಬಂಗಾರಪೇಟೆ ಸ್ಟೇಷನ್‌ನಲ್ಲಿ ಸಂಜೆ ಹೊತ್ತು ನಿಂತ್ಕೊಳ್ಳಿ. ಮೈಕಿನ ಪ್ರಕಟಣೆ, ಚಹಾ ಮಾರುವವರ ಕೂಗು, ಹಾದುಹೋಗುವ ಚೆನ್ನೈ ರೈಲು. ಆ ಗದ್ದಲದಲ್ಲಿ ಯಾರದೋ ಜೇಬಿನಲ್ಲಿರುವ ಗಡಿಯಾರದ ಟಿಕ್ ಟಿಕ್ ಹುಡುಕಬೇಕು. ಅದು ಎಷ್ಟು ವೇಗವಾಗಿ ಬಡೀತಿದೆ ಗೊತ್ತಿಲ್ಲ. ಎಷ್ಟು ದೂರದಲ್ಲಿದೆ ಗೊತ್ತಿಲ್ಲ. ಆ ಮನುಷ್ಯ ನಿಂತಿದ್ದಾನಾ, ಸುತ್ತುತ್ತಿದ್ದಾನಾ ಅದೂ ಗೊತ್ತಿಲ್ಲ. ಹೀಗಾಗಿ ಇಷ್ಟು ವೇಗ, ಇಷ್ಟು ದೂರ, ಇಂಥ ಸುತ್ತು ಅಂತ ಊಹಿಸಿ, ಒಂದೊಂದು ಊಹೆಯನ್ನೂ ಪರೀಕ್ಷೆ ಮಾಡಬೇಕು. ಲಕ್ಷಾಂತರ ಊಹೆಗಳು. ಕಂಪ್ಯೂಟರ್ ಬೆವರೋದು ಇಲ್ಲೇ.

2010ರಲ್ಲಿ ಇದಕ್ಕೆ ಫಲ ಸಿಕ್ಕಿತು. ಅರೆಸಿಬೊದ ಹಳೆಯ ದಾಖಲೆಯೊಳಗೆ ಸೆಕೆಂಡಿಗೆ ಸುಮಾರು 41 ಸುತ್ತು ತಿರುಗುವ ಹೊಸ ಪಲ್ಸಾರ್ ಪತ್ತೆಯಾಯಿತು. ಪತ್ತೆ ಮಾಡಿದ್ದು ಯಾರ ಕಂಪ್ಯೂಟರ್? ಅಮೆರಿಕದ ಅಯೋವಾ ರಾಜ್ಯದ ಒಬ್ಬ ದಂಪತಿಯದು, ಜರ್ಮನಿಯ ಮೈಂಜ್ ನಗರದ ಒಬ್ಬರದು. ಸೈನ್ಸ್ ಪತ್ರಿಕೆಯ ಪ್ರಬಂಧದಲ್ಲಿ ಅವರ ಹೆಸರು ಬಂತು.

ಇನ್ನು ಕೆಜಿಎಫ್‌ನವರಿಗೆ ತಟ್ಟನೆ ಅರ್ಥವಾಗುವ ಮಾತು. ಇಲ್ಲಿ ಸುಮಾರು 120 ವರ್ಷದಲ್ಲಿ ಅಗೆದು ಪುಡಿ ಮಾಡಿದ ಅದಿರು ಸುಮಾರು 5.1 ಕೋಟಿ ಟನ್. ಸಿಕ್ಕ ಚಿನ್ನ ಸುಮಾರು 800 ಟನ್. ಶುರುವಿನಲ್ಲಿ ಟನ್ ಅದಿರಿಗೆ 47 ಗ್ರಾಂ ಬರುತ್ತಿತ್ತು, ಕೊನೆಗೆ ಅದು 3 ಗ್ರಾಂ ಆಸುಪಾಸಿಗೆ ಇಳಿಯಿತು. ಉಳಿದದ್ದೆಲ್ಲ ಸೈನೈಡ್ ದಿಬ್ಬ. ಆದರೆ ಆ ದಿಬ್ಬದಲ್ಲೂ ಚಿನ್ನದ ಅಂಶ ಇದೆ. ಅದನ್ನು ಮತ್ತೆ ಸಂಸ್ಕರಿಸುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಆಕಾಶದ ದಾಖಲೆಯೂ ಹಾಗೇ. ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದ ಹಳೆಯ ಸಮೀಕ್ಷೆಯನ್ನು ತಜ್ಞರು ಮತ್ತೆ ಮತ್ತೆ ಜಾಲಾಡಿ ಮುಗಿಸಿದ್ದರು. ಅದನ್ನೇ ಮನೆಮನೆಯ ಕಂಪ್ಯೂಟರ್‌ಗಳಿಗೆ ಹಂಚಿದಾಗ ಇನ್ನೂ 24 ಪಲ್ಸಾರ್ ಸಿಕ್ಕವು. ಅದರ ವರದಿ ಬಂದದ್ದು 2013ರಲ್ಲಿ.

ಹಾಗಂತ ನಿಮ್ಮ ಪೊಟ್ಟಣದಲ್ಲಿ ಪಲ್ಸಾರ್ ಸಿಗುತ್ತೆ ಅಂತ ನಾನು ಆಸೆ ಹುಟ್ಟಿಸಲ್ಲ. ಬಹುಶಃ ಸಿಗಲ್ಲ. ತಿಂಗಳುಗಟ್ಟಲೆ ಓಡಿಸಿದರೂ ಏನೂ ಇಲ್ಲ, ಏನೂ ಇಲ್ಲ, ಏನೂ ಇಲ್ಲ. ಹೊಸದರಲ್ಲಿ ಉತ್ಸಾಹದಿಂದ ಸೇರಿದವರಿಗೆ ಬೇಸರ ಬರೋದು ಈ ಕಾರಣಕ್ಕೇ. ಸೆಟಿ ಅಟ್ ಹೋಮ್ ಪೊಟ್ಟಣ ಹಂಚೋದನ್ನು 2020ರ ಮಾರ್ಚ್ 31ಕ್ಕೆ ನಿಲ್ಲಿಸಿತು. 21 ವರ್ಷದಲ್ಲಿ ಅನ್ಯಗ್ರಹದ ಒಂದು ಹಲೋ ಕೂಡ ಬರಲಿಲ್ಲ. ಗೇಲಿ ಮಾಡಿದವರೂ ಇದ್ದಾರೆ.

ಗೇಲಿ ಮಾಡುವ ಮುಂಚೆ ಒಂದು ವ್ಯತ್ಯಾಸ ನೋಡಿ. ಹುಡುಕದೇ ಇರೋದು ಬೇರೆ, ಹುಡುಕಿ ಇಲ್ಲ ಅನ್ನೋದು ಬೇರೆ. ಮೊದಲನೆಯದು ಅಜ್ಞಾನ, ಎರಡನೆಯದು ಜ್ಞಾನ. ಸೆಟಿಯಲ್ಲಿ ಸುಮಾರು 1,200 ಕೋಟಿ ಸಂಕೇತಗಳನ್ನು ಸೋಸಿ ಸೋಸಿ ಕೊನೆಗೆ 100ರಷ್ಟನ್ನು ಉಳಿಸಿಕೊಂಡರು. ಚೀನಾದ ಫಾಸ್ಟ್ ದೂರದರ್ಶಕದಿಂದ ಆ ಜಾಗಗಳನ್ನು ಮತ್ತೆ ನೋಡುವ ಕೆಲಸ ನಡೆದಿದೆ. ಆ ನೂರು ಯಾವುದು ಅಂತ ಗೊತ್ತಾಗಿದ್ದು ಉಳಿದ ಕೋಟಿಗಳನ್ನು ಯಾರೋ ತಳ್ಳಿಹಾಕಿದ್ದರಿಂದ ತಾನೇ? ಐನ್‌ಸ್ಟೈನ್ ಅಟ್ ಹೋಮ್‌ನ ಮೂಲ ಗುರಿ, ತಿರುಗುವ ನ್ಯೂಟ್ರಾನ್ ನಕ್ಷತ್ರದಿಂದ ಎಡೆಬಿಡದೆ ಬರುವ ಗುರುತ್ವ ಅಲೆ, ಇನ್ನೂ ಸಿಕ್ಕಿಲ್ಲ. ಆದರೆ ಒಂದೊಂದು ಹುಡುಕಾಟ ಮುಗಿದಾಗಲೂ, ಆ ನಕ್ಷತ್ರಗಳ ಮೈಮೇಲಿನ ಉಬ್ಬು ಇದಕ್ಕಿಂತ ದೊಡ್ಡದಾಗಿದ್ದರೆ ಸಿಗಲೇಬೇಕಿತ್ತು ಅಂತ ಹೇಳುವ ಗಡಿ ಸಿಗುತ್ತೆ. ಆ ಗಡಿ ಕಿರಿದಾಗುತ್ತಾ ಬಂದಿದೆ. ಚಾಂಪಿಯನ್ ರೀಫ್‌ನ ಎರಡು ತಿಂಗಳ ಸೊನ್ನೆಗೂ ಇದಕ್ಕೂ ಏನು ಫರಕು?

ಈಗ ಖರ್ಚಿನ ಮಾತು. ಉಚಿತ ಅಂತಾರೆ, ಪೂರ್ತಿ ಉಚಿತ ಅಲ್ಲ. ಕಂಪ್ಯೂಟರ್ ಜೋರಾಗಿ ದುಡಿದರೆ ಕರೆಂಟ್ ಹೆಚ್ಚು ಎಳೆಯುತ್ತೆ. ಹೆಚ್ಚುವರಿ 100 ವ್ಯಾಟ್ ಅಂತ ಇಟ್ಕೊಳ್ಳಿ. ದಿನಕ್ಕೆ 8 ಗಂಟೆಗೆ 0.8 ಯೂನಿಟ್, ತಿಂಗಳಿಗೆ 24 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 144 ರೂಪಾಯಿ. ಇದು ನಿಮ್ಮ ದಾನ. ಕೈಲಾಗದಿದ್ದರೆ ಎರಡು ಗಂಟೆ ಓಡಿಸಿ, ಸಾಕು. ಪ್ರೊಸೆಸರ್‌ನ ಅರ್ಧ ಮಾತ್ರ ಬಳಸು, ಈ ಹೊತ್ತಿನಲ್ಲಿ ಮಾತ್ರ ಬಳಸು ಅಂತ ಮಿತಿ ಹಾಕೋಕೂ ಅವಕಾಶ ಇದೆ. ಲ್ಯಾಪ್‌ಟಾಪ್ ಬಿಸಿಯಾಗುತ್ತೆ, ಹಾಸಿಗೆ ಮೇಲಿಟ್ಟು ಓಡಿಸಬೇಡಿ.

ಕೆಜಿಎಫ್, ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ದುಡಿದು ಬರುವ ಸಾವಿರಾರು ಜನರಲ್ಲಿ ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಇರುವವರೂ ಇದ್ದೀರಿ. ಅದರಲ್ಲಿ ಅನುಮತಿ ಇಲ್ಲದೆ ಹಾಕಬೇಡಿ, ಕೆಲಸಕ್ಕೆ ಕುತ್ತು. ಬೋಯಿಂಕನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಮೈನಿಂಗ್ ಮಾಡಿ ಹಣ ಗಳಿಸಿ ಅಂತ ಯಾರಾದರೂ ಬಂದರೆ ಅದು ಕ್ರಿಪ್ಟೊ ವ್ಯವಹಾರ, ಇದಲ್ಲ. ಸೇರಲು ಶುಲ್ಕ ಕೇಳಿದರೂ ಅದು ಇದಲ್ಲ. ಮಾಡಿದ ಕೆಲಸಕ್ಕೆ ಇಲ್ಲಿ ಅಂಕ ಕೊಡ್ತಾರೆ, ನಿಜ. ಆದರೆ ಐನ್‌ಸ್ಟೈನ್ ಅಟ್ ಹೋಮ್ ಅದಕ್ಕೆ ದುಡ್ಡು ಕೊಡಲ್ಲ.

ಕೊನೆಯದಾಗಿ ಒಂದು ಮಾತು. 1965ರ ಆ ಪ್ರಬಂಧದಲ್ಲಿ ವಿಜ್ಞಾನಿಗಳ ಹೆಸರಿದೆ. ಗಣಿಗೆ ಉಪಕರಣ ಇಳಿಸಿದವರು, ಪಂಪ್ ಓಡಿಸಿ ನೀರು ನುಗ್ಗದಂತೆ ನೋಡಿಕೊಂಡವರು, ಬೆಂಕಿಯಂಥ ಸೆಕೆಯಲ್ಲಿ ಬಂಡೆ ಕೊರೆದು ಆ ಸುರಂಗ ಮಾಡಿದವರು, ಅವರ್ಯಾರ ಹೆಸರೂ ಲೇಖಕರ ಪಟ್ಟಿಯಲ್ಲಿಲ್ಲ. ಅವರಿಲ್ಲದೆ ಆ ಪ್ರಯೋಗ ಆಗ್ತಿರಲಿಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಪಂಪ್ ನಿಂತಿತು, ನೀರು ತುಂಬಿತು. ಅತ್ತ ಅರೆಸಿಬೊ ಕೂಡ 2020ರ ಡಿಸೆಂಬರ್ 1ರಂದು ಕುಸಿದು ಬಿತ್ತು. ಎರಡೂ ಕಡೆ ಯಂತ್ರ ಹೋಯಿತು, ಎಣಿಸಿಟ್ಟ ಲೆಕ್ಕ ಮಾತ್ರ ಉಳಿಯಿತು.

ಆ ಕಾರ್ಮಿಕರ ಮೊಮ್ಮಕ್ಕಳು ಇವತ್ತು ಇದೇ ಊರಿನ ಶಾಲೆ ಕಾಲೇಜುಗಳಲ್ಲಿ ಓದ್ತಿದ್ದಾರೆ. ಮೇಷ್ಟ್ರುಗಳೇ, ನಿಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಒಂದು ಯಂತ್ರಕ್ಕೆ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಇದನ್ನು ಹಾಕಿ ನೋಡಿ. ಖಾತೆಗೆ ಶಾಲೆಯ ಹೆಸರಿಡಿ. ಮಕ್ಕಳು ಬಂದು ಏನು ಸಿಕ್ತು ಸಾರ್ ಅಂತ ಕೇಳ್ತಾರೆ. ಏನೂ ಸಿಗಲಿಲ್ಲ ಅಂತ ಧೈರ್ಯವಾಗಿ ಹೇಳಿ. ಆಮೇಲೆ ಚಾಂಪಿಯನ್ ರೀಫ್‌ನ ಆ ಎರಡು ತಿಂಗಳ ಕಥೆ ಹೇಳಿ.