ಮೈಗೇ ಹೊಲಿದ ಕೈ!

ಒಂದು ಒಗಟು ಕೇಳಲೇ?

ಪ್ಲಾಸ್ಟಿಕ್ ಸರ್ಜರಿ ವಾರ್ಡು. ಒಬ್ಬ ಮನುಷ್ಯ ಅಡ್ಡಾಡುತ್ತಿದ್ದಾನೆ. ಎಡಗೈಯಲ್ಲಿ ಕಾಫಿ ಲೋಟ. ಬಲಗೈ ಮಾತ್ರ ತೊಡೆಸಂದಿನ ಮೇಲೆ. ಬೆಳಿಗ್ಗೆ ನೋಡಿದರೂ ಅಲ್ಲೇ, ಸಂಜೆ ನೋಡಿದರೂ ಅಲ್ಲೇ, ನಿದ್ದೆಯಲ್ಲೂ ಅಲ್ಲೇ! ಯಾಕಿರಬಹುದು?

ಮೂಳೆ ಮುರಿದಿದೆ ಅಂತೀರಾ? ತಪ್ಪು. ಲಕ್ವ ಹೊಡೆದಿದೆಯಾ? ಅದೂ ಅಲ್ಲ.

ಹೊಲಿದಿದ್ದಾರೆ ಸ್ವಾಮಿ! ಅವನ ಕೈಯನ್ನು ಅವನ ಮೈಗೇ ಹೊಲಿದಿದ್ದಾರೆ!

ಯಂತ್ರಕ್ಕೆ ಸಿಕ್ಕಿ ಹಸ್ತದ ಮೇಲ್ಭಾಗದ ಚರ್ಮವೆಲ್ಲ ಕಿತ್ತುಹೋಗಿತ್ತು. ಬೆರಳೆತ್ತುವ ಬಿಳಿ ಸ್ನಾಯುರಜ್ಜುಗಳು ಬರಿಗಣ್ಣಿಗೇ ಕಾಣುತ್ತಿದ್ದವು, ಅವುಗಳಡಿ ಮೂಳೆ. ತೊಡೆಯಿಂದ ತೆಳ್ಳಗೆ ಚರ್ಮ ಹೆರೆದು ಹಚ್ಚಿದರಾಗದೇ? ಆಗದು! ಆ ಸ್ಕಿನ್ ಗ್ರಾಫ್ಟಿಗೆ ಸ್ವಂತ ರಕ್ತವಿಲ್ಲ. ಕೆಳಗಿನ ಗಾಯ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆತ್ತಲೆ ಮೂಳೆ ಏನು ಕೊಟ್ಟೀತು? ಕೆಲವೇ ದಿನಗಳಲ್ಲಿ ಗ್ರಾಫ್ಟ್ ಕಪ್ಪಾಗಿ ಒಣಗುತ್ತದೆ.

ಫ್ಲ್ಯಾಪ್, ಅಂದರೆ ಅಡಿಯ ಕೊಬ್ಬಿನ ಸಮೇತ ಎತ್ತಿದ ಚರ್ಮ, ಹಾಗಲ್ಲ. ಅದು ತನ್ನ ರಕ್ತನಾಳವನ್ನು ಜೊತೆಗೇ ತರುತ್ತದೆ!

ತೊಡೆಸಂದಿನಿಂದ ಸೊಂಟದ ಮೂಳೆಯ ಕಡೆಗೆ ಒಂದು ಪುಟ್ಟ ಅಪಧಮನಿ ಓಡುತ್ತದೆ. ಅದರ ಮೇಲಿನ ಚರ್ಮವನ್ನು ಮೂರು ಕಡೆ ಬಿಡಿಸಿ, ಬುಡ ಮಾತ್ರ ಉಳಿಸಿ, ಗಾಯದ ಕೈಯನ್ನು ಅಲ್ಲಿಗೇ ತಂದು ಹೊಲಿಯುತ್ತಾರೆ. 1972ರಲ್ಲಿ ಗ್ಲಾಸ್ಗೋದ ಇಯಾನ್ ಮೆಕ್‌ಗ್ರೆಗರ್ ಮತ್ತು ಇಯಾನ್ ಜಾಕ್ಸನ್ ಇದನ್ನು ಜಗತ್ತಿಗೆ ತಿಳಿಸಿದರು. ಹೆಸರು ಗ್ರಾಯ್ನ್ ಫ್ಲ್ಯಾಪ್.

ಎಷ್ಟು ದಿನ ಹಾಗೇ ಇರಬೇಕು? ಎರಡು ದಿನವೇ? ವಾರವೇ?

ಸುಮಾರು ಮೂರು ವಾರ!

ನಮ್ಮ ತೋಟಗಾರರಿಗೆ ಈ ವಿದ್ಯೆ ಗೊತ್ತು. ಮಾವಿನ ಸಾಮೀಪ್ಯ ಕಸಿ ನೋಡಿದ್ದೀರಲ್ಲ? ಕುಂಡದ ಸಸಿಯನ್ನು ತಾಯಿಮರದ ಕೊಂಬೆಗೆ ಆನಿಸಿ ಕಟ್ಟುತ್ತಾರೆ. ಎರಡೂ ಬೆಸೆದ ಮೇಲೆ ಕೊಂಬೆಯನ್ನು ಮರದಿಂದ ಕತ್ತರಿಸುತ್ತಾರೆ. ಇಲ್ಲೂ ಅದೇ! ಆ ಮೂರು ವಾರಗಳಲ್ಲಿ ಗಾಯದ ಅಂಚಿನಿಂದ ಹೊಸ ರಕ್ತನಾಳಗಳು ಹುಟ್ಟಿ ಫ್ಲ್ಯಾಪಿನೊಳಗೆ ನುಗ್ಗುತ್ತವೆ. ಆಮೇಲೆ ಬುಡ ಕತ್ತರಿಸಿದರೂ ಚರ್ಮ ಸಾಯುವುದಿಲ್ಲ. ಕೈ ಬಿಡುಗಡೆ!

ಇನ್ನೊಂದು ತಮಾಷೆ ಕೇಳಿ. ಆ ಚರ್ಮಕ್ಕೆ ತಾನು ಊರು ಬದಲಿಸಿದ್ದೇ ಗೊತ್ತಾಗುವುದಿಲ್ಲ! ಹೊಟ್ಟೆಯ ಕೆಳಗಿನ ಕೊಬ್ಬು ಕೈಗೆ ಬಂದು ಕೂತಿದೆ. ಮನುಷ್ಯ ಮದುವೆಮನೆಗಳಲ್ಲಿ ಹೋಳಿಗೆ ಬಾರಿಸಿ ತೂಕ ಏರಿಸಿಕೊಂಡನೋ, ಹೊಟ್ಟೆಯ ಜೊತೆ ಕೈಯೂ ದಪ್ಪಗಾಗುತ್ತದೆ!

ಸರಿ, ಈಗ ನಿಮ್ಮ ಸರದಿ. ಒಂದು ಕೈಯ ಮುಷ್ಟಿ ಬಿಗಿಯಿರಿ. ಇನ್ನೊಂದು ಕೈಯಿಂದ ಮಣಿಕಟ್ಟಿನ ಎರಡೂ ಬದಿಯ ನಾಡಿಗಳನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮುಷ್ಟಿ ಬಿಚ್ಚಿ. ಅಂಗೈ ಬಿಳಿಚಿತೇ? ಈಗ ಕಿರುಬೆರಳ ಕಡೆಯ ನಾಡಿಯನ್ನು ಮಾತ್ರ ಬಿಡಿ.

ನೋಡಿ, ನೋಡಿ! ಹೆಬ್ಬೆರಳ ಬುಡದವರೆಗೂ ಕೆಂಪು ಹರಿದು ಬಂತು!

ಹೆಚ್ಚಿನವರ ಅಂಗೈ ಹೀಗೇ. ಎರಡು ನಾಳ, ಒಂದು ಕೈಕೊಟ್ಟರೂ ಇನ್ನೊಂದು ಸಾಕು. ಹಾಗಾದರೆ ಒಂದನ್ನು ಸಾಲ ಪಡೆಯಬಾರದೇಕೆ? 1978ರಲ್ಲಿ ಚೀನಾದ ಶೆನ್ಯಾಂಗ್‌ನಲ್ಲಿ ಯಾಂಗ್ ಗುವೋಫಾನ್ ಅದನ್ನೇ ಮಾಡಿದರು! ಮುಂಗೈ ಚರ್ಮವನ್ನು ಹೆಬ್ಬೆರಳ ಬದಿಯ ನಾಳದ ಸಮೇತ ಎತ್ತಿದರು. ಸರ್ಜನ್ನರ ಬಾಯಲ್ಲಿ ಅದು ‘ಚೈನೀಸ್ ಫ್ಲ್ಯಾಪ್’ ಆಯಿತು.

ಇದರ ಇನ್ನೊಂದು ರೂಪ ನನ್ನನ್ನು ದಂಗುಬಡಿಸಿತು. ನಾಳವನ್ನು ಮೊಣಕೈ ಕಡೆ ಕತ್ತರಿಸಿ, ಮಣಿಕಟ್ಟಿನ ಕಡೆ ಉಳಿಸಿ, ಫ್ಲ್ಯಾಪನ್ನು ಹಸ್ತದ ಗಾಯದ ಮೇಲೆ ಮಗುಚುತ್ತಾರೆ. ರಕ್ತ ಎಲ್ಲಿಂದ ಬರಬೇಕು? ಕಿರುಬೆರಳ ಕಡೆಯಿಂದ ಇಳಿದು, ಅಂಗೈ ಸುತ್ತಿ, ಹೆಬ್ಬೆರಳ ನಾಳದಲ್ಲಿ ಹಿಮ್ಮುಖವಾಗಿ ಏರುತ್ತದೆ! ಮರಳುವ ರಕ್ತದ ಪಾಡು ಇನ್ನೂ ವಿಚಿತ್ರ. ಅಭಿಧಮನಿಯೊಳಗೆ ಹಿಂದಕ್ಕೆ ಹರಿಯಗೊಡದ ಕವಾಟಗಳಿವೆ. ಆದರೇನು, ಪಕ್ಕದ ಸಣ್ಣ ಸಂಪರ್ಕನಾಳಗಳಲ್ಲಿ ನುಸುಳಿ ಆ ಕವಾಟಗಳನ್ನು ಸುತ್ತುಬಳಸಿ ಸಾಗುತ್ತದೆ!

ಕೈಯನ್ನು ಮೈಗೆ ಹೊಲಿಯದೆಯೇ ದೂರದ ಚರ್ಮ ತರಬಹುದೇ? ಬಹುದು! 1973ರಲ್ಲಿ ಮೆಲ್ಬರ್ನ್‌ನಲ್ಲಿ ರೋಲಿನ್ ಡೇನಿಯಲ್ ಮತ್ತು ಇಯಾನ್ ಟೇಲರ್ ಅದೇ ತೊಡೆಸಂದಿನ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆದು, ಕಾಲಿನ ಗಾಯದ ಮೇಲಿಟ್ಟು, ನಾಳಗಳನ್ನು ಅಲ್ಲಿನ ನಾಳಗಳಿಗೆ ಜೋಡಿಸಿದರು. ಇದೇ ಫ್ರೀ ಫ್ಲ್ಯಾಪ್. ಇಂದು ಕೈಗೂ ಧಾರಾಳವಾಗಿ ಮಾಡುತ್ತಾರೆ.

ನಾಳ ಎಷ್ಟು ದಪ್ಪ ಅಂದುಕೊಂಡಿರಿ? ಒಂದೆರಡು ಮಿಲಿಮೀಟರ್! ಹೊಲಿಯುವ ದಾರ ತಲೆಕೂದಲಿಗಿಂತ ತೆಳು. ಮೈಕ್ರೋಸ್ಕೋಪಿನಡಿ ಒಂದು ಸುತ್ತಿಗೆ ಏಳೆಂಟು ಹೊಲಿಗೆ. ಉಸಿರು ಬಿಗಿಹಿಡಿದು ಮಾಡುವ ಕೆಲಸ!

ಆಮೇಲೆ ಕಾವಲು. ಗಂಟೆಗೊಮ್ಮೆ ನರ್ಸ್ ಬಂದು ಫ್ಲ್ಯಾಪ್ ಮೇಲೆ ಬೆರಳೊತ್ತಿ ಬಿಡುತ್ತಾರೆ. ಬಿಳಿಚಿ, ಎರಡು ಮೂರು ಸೆಕೆಂಡಿನಲ್ಲಿ ರಂಗೇರಿದರೆ ಕ್ಷೇಮ. ಬಿಳಿಯಾಗಿಯೇ ತಣ್ಣಗಿದ್ದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿ ಉಬ್ಬಿದರೆ ಬಂದ ರಕ್ತ ಹೊರಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ರಾತ್ರೋರಾತ್ರಿ ಥಿಯೇಟರಿಗೆ ಓಟ!

ನೀಲಿಗಟ್ಟಿದ ಕೆಲವು ಫ್ಲ್ಯಾಪ್‌ಗಳಿಗೆ ಬೇರೆ ಮದ್ದೂ ಇದೆ. ಏನದು? ಜಿಗಣೆ! ಹೌದು, ಜೀವಂತ ಜಿಗಣೆ! ಮಲೆನಾಡಿನಲ್ಲಿ ಇಂಬಳ ಕಚ್ಚಿಸಿಕೊಂಡವರಿಗೆ ಗೊತ್ತು, ಅದು ಉದುರಿದ ಮೇಲೂ ರಕ್ತ ಜಿನುಗುತ್ತಲೇ ಇರುತ್ತದೆ. ವೈದ್ಯರಿಗೆ ಬೇಕಾದದ್ದೂ ಅದೇ ಜಿನುಗು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜಿಗಣೆಗೆ ಅನುಮತಿ ಕೊಟ್ಟಿತು, ವೈದ್ಯಕೀಯ ಸಾಧನದ ಲೆಕ್ಕದಲ್ಲಿ!

ಫ್ಲ್ಯಾಪ್ ಯಾವಾಗ ಹಾಕಬೇಕು? ಗಾಯ ಮಾಗಲಿ, ಆಮೇಲೆ ನೋಡೋಣ ಅಂತೀರಾ? ಸ್ಲೊವೇನಿಯಾದ ಮಾರ್ಕೊ ಗೋಡಿನಾ 532 ರೋಗಿಗಳ ಕೈಕಾಲುಗಳ ಲೆಕ್ಕ ತೆಗೆದರು. 72 ಗಂಟೆ ದಾಟಿ ಮೂರು ತಿಂಗಳೊಳಗೆ ಹಾಕಿದವುಗಳಲ್ಲಿ ಶೇ. 12 ಕೆಟ್ಟುಹೋದವು. 72 ಗಂಟೆಯೊಳಗೆ ಹಾಕಿದ್ದು? ಶೇ. 0.75! 1986ರ ಆ ಅಂಕಿ ಸರ್ಜನ್ನರ ಗಡಿಯಾರವನ್ನೇ ತಿದ್ದಿತು.

ಅದೇ ಗೋಡಿನಾ ಮಾಡಿದ ಇನ್ನೊಂದು ಕೆಲಸ ನಂಬಲಾಗದು. ಒಬ್ಬನ ತೋಳು ಜಜ್ಜಿಹೋಗಿದೆ, ತುಂಡಾದ ಹಸ್ತ ಚೆನ್ನಾಗಿದೆ. ಜೋಡಿಸಲು ಜಾಗವೇ ಇಲ್ಲ. ಹಸ್ತವನ್ನು ಎಲ್ಲಿಟ್ಟರು?

ಅವನ ಕಂಕುಳಿಗೇ ಜೋಡಿಸಿದರು! ಅಲ್ಲಿನ ರಕ್ತ ಕುಡಿದು ಹಸ್ತ ಎರಡು ತಿಂಗಳು ಬದುಕಿತು. ತೋಳು ಸಿದ್ಧವಾದ ಮೇಲೆ ತನ್ನ ಜಾಗಕ್ಕೆ ಮರಳಿತು!

ಕೊನೆಯದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಂಕುಳ ಹಿಂಬದಿಯ ಮಡಿಕೆಯನ್ನು ಎದುರು ಕೈಯಿಂದ ಹಿಡಿದು ಜೋರಾಗಿ ಕೆಮ್ಮಿ. ಏನೋ ಬಿಗಿಯಿತಲ್ಲ? ಅದು ಲ್ಯಾಟಿಸಿಮಸ್ ಡೋರ್ಸಿ, ಬೆನ್ನಿನ ಬೀಸಣಿಗೆಯಗಲದ ಸ್ನಾಯು. ಮೇಲ್ದೋಳಿನ ಮಾಂಸವೇ ಕಿತ್ತುಹೋದಾಗ ಇದನ್ನು ಕಂಕುಳ ನಾಳ, ನರಗಳ ಸಮೇತ ತೋಳಿನ ಮುಂಬದಿಗೆ ತಿರುಗಿಸಿ ತುದಿಯನ್ನು ಮೊಣಕೈ ಬಳಿ ಕಟ್ಟುತ್ತಾರೆ. ಗಾಯ ಮುಚ್ಚಿತು. ಅಷ್ಟೇನಾ?

ಮೊಣಕೈ ಮಡಚುತ್ತದೆ! ತಿಂಗಳುಗಟ್ಟಲೆ ಫಿಸಿಯೋಥೆರಪಿ ಮಾಡಿದ ಮೇಲೆ, ಬೆನ್ನಿನ ಸ್ನಾಯು ಅನ್ನದ ತುತ್ತನ್ನು ಬಾಯಿಗೆ ಎತ್ತುತ್ತದೆ!

ಬೆನ್ನಿಗೆ ನಷ್ಟವಿಲ್ಲವೇ? ದಿನದ ಕೆಲಸಕ್ಕೆ ಹೆಚ್ಚೇನಿಲ್ಲ. ಈಜುವಾಗ, ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವಾಗ ಬಲ ತುಸು ಕಡಿಮೆ ಅನ್ನಿಸೀತು. ನೀವು ಅಡಿಕೆ ಮರ ಹತ್ತಿ ಕೊನೆ ಇಳಿಸುವವರಾದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ. ಅವರು ಬೆನ್ನು ಬಿಟ್ಟು ತೊಡೆಯ ಸ್ನಾಯುವಿನ ಕಡೆ ನೋಡಿಯಾರು!